ನನ್ನ ಪ್ರೇಮಗೀತೆಗೆ ಅಡ್ಡಬಂದ ಮೂರನೇ ನಂಬರ್ ಯಂತ್ರದ ಸನ್ನಿಧಾನಕ್ಕೆ

ನಮ್ಮ ಲಾಂಡ್ರಿಯ ಬಲಗೋಡೆಗೆ ಆತು, ಹಿಂದಿನ ಕಾಲಿನಡಿಯ ಮಡಚಿದ ರಟ್ಟನ್ನೇ ಪಾದಪೀಠ ಮಾಡಿಕೊಂಡು, ಊರವರ ಕೊಳೆಯನ್ನೆಲ್ಲ ಒಂದೇ ಹೊಟ್ಟೆಯಲ್ಲಿ ಧರಿಸಿ ವಿರಾಜಮಾನರಾಗಿರುವ ಮೂರನೇ ನಂಬರ್ ಒಗೆಯುವ ಯಂತ್ರ ಮಹೋದಯರಿಗೆ, ಅಂಗಡಿ ಒಡತಿಯ ಒಬ್ಬಳೇ ಮಗಳು ಸಕಲ ಬೀದಿಯವರ ಸಮ್ಮುಖದಲ್ಲಿ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ತಮ್ಮ ಸದ್ದಿನಿಂದಲೇ ಬಲ್ಲೆ. ಅದನ್ನು ಅರಿಯದವರು ಈ ಬೀದಿಯಲ್ಲಿ ಒಬ್ಬರೂ ಇಲ್ಲ. ನಾನೂ ಕ್ಷೇಮವೆಂದು ಬರೆಯುವುದು ಪದ್ಧತಿ. ಆದರೆ ನಾನು ಕ್ಷೇಮವೋ ಅಲ್ಲವೋ ಎಂಬ ಒಂದೇ ವಿಷಯದ ಮೇಲೆ ಅರ್ಧ ಆಲ್ಬಂ ಹಾಡಿ ಜಗತ್ತಿನ ಮುಂದಿಟ್ಟಿರುವವಳು, ಅದನ್ನೀಗ ಒಂದು ಪದದಲ್ಲಿ ಮುಗಿಸಿಬಿಟ್ಟರೆ ಕಲಾವಿದೆ ಎಂಬ ನನ್ನ ಹೊಸ ಬಿರುದಿಗೆ ಕುಂದು ಬಂದೀತು ಎಂದು ಆ ಪದ್ಧತಿಯನ್ನು ಕೈಬಿಟ್ಟಿದ್ದೇನೆ.

ತಾವು ನನ್ನನ್ನು ಗುರುತಿಸದಿದ್ದರೆ ತಪ್ಪೇನಿಲ್ಲ, ಏಕೆಂದರೆ ನಾನು ಕೂರುವುದು ತಮ್ಮ ಬೆನ್ನ ಹಿಂದೆ. ಪ್ಲೈವುಡ್ ಗೋಡೆಯ ಆಚೆ, ಒಗೆದು ಒಣಗಿಸಿದ ಕೋಟುಗಳನ್ನು ತೂಗುಹಾಕುವ ಕೋಣೆಯಲ್ಲಿ, ತೊಡೆಯ ಮೇಲೆ ಗಿಟಾರು, ಹಳೆಯ ಇಸ್ತ್ರಿ ಮೇಜಿನ ಮೇಲೆ ಮೈಕು ಇಟ್ಟುಕೊಂಡು ಹಾಡುವವಳೇ ನಾನು. ಸ್ಟುಡಿಯೊದವರು ಗೋಡೆ ತುಂಬ ಸ್ಪಂಜು ಬಡಿದು ಸಾಧಿಸುವುದನ್ನು ಇಲ್ಲಿ ಪರರ ಉಣ್ಣೆ ಕೋಟುಗಳು ಪುಕ್ಕಟೆಯಾಗಿ ಸಾಧಿಸಿಕೊಡುತ್ತವೆ. ಹಾಡಿದ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಹಾಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮನಸ್ಸಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ಅಷ್ಟು ಹೊತ್ತಿಗೆ ನನ್ನ ಕಣ್ಣೆವೆಗಳ ಮೇಲೆ ಕುಳಿತಿರುತ್ತದೆ, ಎರಡನೇ ಸಾಲಿಗೆಲ್ಲ ನಾನು ಗಿಟಾರಿನ ಮೇಲೇ ಗೊರಕೆ ಹೊಡೆಯುತ್ತಿರುತ್ತೇನೆ. ಆದ್ದರಿಂದ ತಮ್ಮ ಕಚೇರಿ ವೇಳೆಯಲ್ಲೇ ನನ್ನ ಸಂಗೀತವೂ ನಡೆಯಬೇಕಾಯಿತು, ಇದು ನನ್ನ ಗ್ರಹಚಾರ.

ಆಲ್ಬಮಿನ ಹೆಸರು ‘ಪ್ರತ್ಯೇಕವಾಗಿ ಒಗೆಯಿರಿ’. ಬಣ್ಣ ಬಿಡುವ ಬಟ್ಟೆಗಳ ಕೊರಳಪಟ್ಟಿಯಲ್ಲಿ ಹೊಲಿದಿರುವ ಈ ಮಾತನ್ನು ಅಕ್ಷರ ಕಲಿತ ದಿನದಿಂದ ಓದುತ್ತ ಬೆಳೆದವಳಿಗೆ, ಅದು ತನಗೇ ಹೇಳಿದ್ದು ಎಂದು ಯಾವಾಗ ಅನ್ನಿಸಿತೋ ನೆನಪಿಲ್ಲ. ಅದರಲ್ಲಿ ಅರ್ಧ ಹಾಡುಗಳು ನಾನು ಹಾಸಿಗೆ ಬಿಟ್ಟು ಏಳಲಾರದೆ, ಎದೆ ಡವಗುಟ್ಟಿಕೊಂಡು, ಹೊದಿಕೆಯೊಳಗೇ ಸಂಸಾರ ಹೂಡಿದ್ದ ಕಾಲದವು. ಉಳಿದರ್ಧ, ಎದುರಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಯನ್ನು ಕುರಿತವು. ಅವಳು ನನ್ನವಳು. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ, ಇರಲಿ.

ಮೊದಲರ್ಧದ ಬಗ್ಗೆ ತಮ್ಮ ನಡತೆ ಬೆಣ್ಣೆಯಂಥದು ಎಂದು ಮುಕ್ತಕಂಠದಿಂದ ಒಪ್ಪುತ್ತೇನೆ. ಅಮ್ಮ ಪ್ರತಿದಿನ ಕೌಂಟರಿನಿಂದಲೇ, ಗ್ರಾಹಕರ ತಲೆಯ ಮೇಲಿಂದ, “ಏಯ್, ಮಾತ್ರೆ ತಗೊಂಡ್ಯಾ?” ಎಂದು ಕೂಗುವುದನ್ನೇ ಪಲ್ಲವಿ ಮಾಡಿ ಹಾಡಿದೆ, ತಾವು ತುಟಿ ಬಿಚ್ಚಲಿಲ್ಲ. ಇಸ್ತ್ರಿ ಮಾಡುವ ಚಿಕ್ಕಮ್ಮ ಆ ಹೊತ್ತಿಗಾಗಲೇ, “ನಮ್ಮ ಹುಡುಗೀಗೆ ನರದ ವೀಕ್ನೆಸ್ಸು ಕಣ್ರೀ, ಎಲ್ಲಾನೂ ಮನಸ್ಸಿಗೆ ಹಚ್ಕೋತಾಳೆ,” ಎಂದು ಬಂದವರಿಗೆಲ್ಲ ಅಂಗಿಯ ಜೊತೆ ಮಡಚಿ ಕೊಟ್ಟಾಗಿತ್ತಾದ್ದರಿಂದ ಅಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಚಿಕ್ಕಮ್ಮನೇ ಆ ಹಾಡನ್ನು ಗುನುಗುತ್ತ ಕಾಲರುಗಳಿಗೆ ನೀರು ಚಿಮುಕಿಸುತ್ತಿದ್ದಳು.

ನನ್ನ ದೂರು ಇರುವುದು ಎರಡನೇ ಅರ್ಧದ ಬಗ್ಗೆ, ಅದರಲ್ಲೂ ‘ಈಗ ಕಾಣ್ತಾ?’ ಎಂಬ ಹಾಡಿನ ಬಗ್ಗೆ. ‘ಎದುರು ಅಂಗಡಿ ಹುಡುಗಿ’ ಎಂಬ ಅದರ ಮೊದಲ ಮೂರು ಪದಗಳು ನನ್ನ ಬಾಯಿಂದ ಹೊರಬೀಳುವುದೇ ತಡ, ತಾವು ಗುಡುಗುಡು ಎಂದು ಎದ್ದು, ಗಡಗಡ ನಡುಗಿ, ಕೋಟುಗಳ ಹ್ಯಾಂಗರುಗಳೆಲ್ಲ ಒಂದಕ್ಕೊಂದು ಹಣೆ ಚಚ್ಚಿಕೊಳ್ಳುವಂತೆ ತಿರುಗತೊಡಗುತ್ತಿದ್ದಿರಿ. ಮೊದಮೊದಲು ಕಾಕತಾಳೀಯ ಎಂದುಕೊಂಡೆ. ಆಮೇಲೆ ಅನುಮಾನ ಬಂದು, ಪರೀಕ್ಷೆಗೆಂದು ‘ಎದುರು ಅಂಗಡಿ ಹುಡುಗ’ ಎಂದು ಹಾಡಿ ನೋಡಿದೆ, ತಾವು ಗಪ್‌ಚಿಪ್. ‘ಎದುರು ಅಂಗಡಿ ಮುದುಕ’ ಎಂದೆ, ಅದಕ್ಕೂ ತಮ್ಮ ಅಭ್ಯಂತರವಿರಲಿಲ್ಲ. ಕೊನೆಗೆ ಹೊಟ್ಟೆಯುರಿದು ‘ಎದುರು ಅಂಗಡಿ ಬೆಕ್ಕು, ನಿನ್ನ ಮೇಲೆ ಪ್ರಾಣ’ ಎಂದು ಒಂದು ಚರಣ ಪೂರ್ತಿ ಕಿರುಚಿದೆ, ಬೆಕ್ಕಿನ ಪ್ರೇಮಕ್ಕೂ ತಮ್ಮ ಆಶೀರ್ವಾದವಿತ್ತು. ಮತ್ತೆ ‘ಹುಡುಗಿ’ ಎಂದೆ, ಮತ್ತೆ ಪ್ರಳಯ.

ಆಹಾ, ಎಂಥ ಶೀಲ! ಎಂಥ ಸಂಸ್ಕಾರ! ಸೋಪಿನ ಪುಡಿ ಬಿಟ್ಟರೆ ಬೇರೇನನ್ನೂ ಬಾಯಿಗೆ ಹಾಕದ ಪವಿತ್ರಾತ್ಮರಾದ ತಮಗೆ ಇಂಥ ಸೂಕ್ಷ್ಮ ವಿವೇಚನೆ ಇರುವುದು ಸಹಜವೇ. ಬಿಳಿ ಅಂಗಿಯನ್ನೂ ಕೆಂಪು ಟವೆಲನ್ನೂ ಒಂದೇ ನೀರಿನಲ್ಲಿ ಹಾಕಿ ಅರ್ಧ ಬೀದಿಗೆ ಗುಲಾಬಿ ಅಂಗಿ ತೊಡಿಸಿದ ದಿನ ಈ ವಿವೇಚನೆ ಎಲ್ಲಿ ಹೋಗಿತ್ತು ಎಂದು ಕೇಳುವಷ್ಟು ಉದ್ಧಟಳು ನಾನಲ್ಲ.

ಕಡೆಗೆ ಸಾಕಾಗಿ, ತಮ್ಮ ಗರ್ಜನೆ ಸಮೇತ ಆಲ್ಬಮನ್ನು ಬಿಡುಗಡೆ ಮಾಡಿಬಿಟ್ಟೆ. ಆಮೇಲೆ ಆದದ್ದು ತಮಗೆ ತಿಳಿದಿರಬೇಕು, ಏಕೆಂದರೆ ಕೀರ್ತಿ ಪೂರ್ತಿ ತಮ್ಮ ಪಾಲಾಯಿತು. ಹೆಸರಾಂತ ವಿಮರ್ಶಕರೊಬ್ಬರು ತಮ್ಮ ನೀರು ಹಿಂಡುವ ಸದ್ದಿಗೆ ‘ಸಮಾಜದ ಒತ್ತಡದಡಿ ನರಳುವ ಪ್ರೇಮದ ಲೋಹಕಂಠ’ ಎಂದು ಹೆಸರಿಟ್ಟು ಮೂರು ಕಂಡಿಕೆ ಬರೆದು, ಕೊನೆಯಲ್ಲಿ ‘ಗಾಯಕಿಯ ದನಿಯೂ ಪರವಾಗಿಲ್ಲ’ ಎಂದು ನನ್ನ ಬೆನ್ನನ್ನೂ ತಟ್ಟಿದರು. ಸಂದರ್ಶನಕ್ಕೆ ಬಂದವರು ಆ ವಾದ್ಯ ಯಾವ ದೇಶದ್ದು, ನುಡಿಸಿದವರು ಯಾರು ಎಂದು ಕೇಳುತ್ತಾರೆ. ಆದ್ದರಿಂದ ಮುಂದಿನ ಸಂದರ್ಶನಗಳಿಗೆ ತಾವೇ ಖುದ್ದು ದಯಮಾಡಿಸಬೇಕು, ಬರುವಾಗ ನೀರಿನ ಪೈಪು ಬಿಚ್ಚಿಕೊಂಡು ಬರಬೇಕು, ಮತ್ತು ಈ ಪ್ರೇಮ ಹೇಗೆ ಹುಟ್ಟಿತು, ಮನೆಯವರು ಏನಂದರು ಎಂಬ ಪ್ರಶ್ನೆಗಳಿಗೆ ಉತ್ತರವನ್ನೂ ತಾವೇ ಕೊಡಬೇಕು ಎಂದು ವಿನಂತಿ. ನನ್ನ ಬದಲು ಮನಸ್ಸಿನ ಡಾಕ್ಟರ ಬಳಿಗೂ ಒಮ್ಮೆ ಹೋಗಿ ಕುಳಿತು ಬಂದರೆ ಉಪಕಾರವಾದೀತು; ನಡುಗುವುದು ತಮಗೂ ಇದೆಯಲ್ಲ.

ಇಷ್ಟೆಲ್ಲ ಆದ ಮೇಲೆ, ಸದ್ದಿಲ್ಲದ ಒಂದು ಪ್ರತಿ ಬೇಕೆಂದು ಯಾರೋ ಕೇಳಿದ್ದರಿಂದ ಮತ್ತೆ ಕೋಟಿನ ಕೋಣೆಯಲ್ಲಿ ಕುಳಿತು ಹಾಡಲು ಬಾಯಿ ತೆರೆದೆ. ತಾವು ಎಂದಿನಂತೆ ಗರ್ಜಿಸಿದಿರಿ. ಆ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ, ಗಿಟಾರು ಕೆಳಗಿಟ್ಟು ತಮ್ಮನ್ನು ನಾಲ್ಕು ಮಾತು ಕೇಳಿಯೇ ಬಿಡುತ್ತೇನೆಂದು ಈಚೆ ಬಂದೆ. ಗಾಜಿನ ಬಾಗಿಲಿನಲ್ಲಿ ನೋಡಿದರೆ, ಒಳಗೆ ಒಂದು ಕರವಸ್ತ್ರವೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರು ತಿರುಗುತ್ತಿದೆ. ತಮ್ಮ ಬಟನ್ನಿನ ಮೇಲೆ ಅಮ್ಮನ ಬೆರಳಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹುಡುಗಿಯ ಬಗ್ಗೆ ನಾನು ಅಮ್ಮನಿಗೆ ಹಿಂದೆಯೇ ಹೇಳಿದ್ದೆ. ಹಾಸಿಗೆ ಹೊದಿಕೆ ಮಡಚಲು ಇಬ್ಬರು ಬೇಕು. ಈ ಕಡೆ ಎರಡು ಮೂಲೆ ಒಬ್ಬರು, ಆ ಕಡೆ ಎರಡು ಮೂಲೆ ಇನ್ನೊಬ್ಬರು ಹಿಡಿದು ಎದುರುಬದುರು ನಡೆದು ಬರಬೇಕು. ಹಾಗೆ ನಾವಿಬ್ಬರೂ ಹತ್ತಿರ ಬಂದಾಗ, ಧೈರ್ಯ ಮಾಡಿ ಹೇಳಿಬಿಟ್ಟೆ. ಅಮ್ಮ ನನ್ನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡು, “ಮೂಲೆ ಸರಿಯಾಗಿ ಹಿಡಿಯೋಕೆ ಬರಲ್ವಲ್ಲೇ ನಿಂಗೆ,” ಎಂದಳು. ಅಷ್ಟೇ. ಆಮೇಲೆ ನಾವು ಎಷ್ಟೋ ಹೊದಿಕೆ ಮಡಚಿದ್ದೇವೆ, ಆ ಮಾತು ಮಾತ್ರ ಬಂದಿಲ್ಲ.

ಆದ್ದರಿಂದ ಆ ಬೆರಳು ಕಂಡಾಗ ನನ್ನ ಪಿತ್ತ ನೆತ್ತಿಗೇರಿತು. “ನನ್ನ ಕಂಡ್ರೆ ಅಷ್ಟು ನಾಚಿಕೆನಾ ನಿಂಗೆ?” ಎಂದು ಕೇಳಿದೆ. ಅಮ್ಮ ಬೆರಳು ತೆಗೆಯಲಿಲ್ಲ. “ನಾಚಿಕೆ ಯಾಕೆ? ಕೌಂಟರ್ ಹತ್ರ ನಿಂತೋರು ಬಾಯಿಗೆ ಬಂದಿದ್ದು ಅಂತಾರೆ. ಅದು ನಿನ್ನ ಕಿವಿಗೆ ಬೀಳತ್ತೆ. ನೀನು ಮತ್ತೆ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತೀಯ. ಎಬ್ಬಿಸೋಳು ನಾನಲ್ವಾ? ಮೊದಲ ಸಲಾನೇ ಹೇಗೆ ಎಬ್ಬಿಸಿದೆ ಅಂತ ನಂಗೇ ಗೊತ್ತು,” ಎಂದಳು.

ಆಗ ಹೊಳೆದ ಸಂಗತಿಯೇ ಈ ಪತ್ರದ ಮುಖ್ಯ ದೂರು, ಮಾನ್ಯರೇ. ಮೊದಲ ಮೂರು ಪದ ಕಿವಿಗೆ ಬಿದ್ದೊಡನೆ ತಮ್ಮನ್ನು ಎಬ್ಬಿಸುತ್ತಿದ್ದ ಅಮ್ಮನಿಗೆ, ನಾಲ್ಕನೇ ಪದ ಯಾವುದೆಂದು ಗೊತ್ತಿಲ್ಲ. ಮುಖ ಕಾಣದ ಎಷ್ಟೋ ಜನ ಕೇಳಿ ಅತ್ತಿದ್ದೇವೆಂದು ಬರೆದ ಹಾಡನ್ನು, ನಾನು ಯಾರಿಗೆ ಕೇಳಿಸಬೇಕೆಂದು ಬರೆದೆನೋ ಅವಳೊಬ್ಬಳು ಕೇಳಿರಲಿಲ್ಲ. ಫೋನಿನಲ್ಲಿ ಹಾಕಿ ಕೊಡಲು ಹೋದರೆ, “ಆಮೇಲೆ, ಈಗ ಕೈ ಒದ್ದೆ,” ಎನ್ನುತ್ತಿದ್ದಳು. ಲಾಂಡ್ರಿ ನಡೆಸುವವಳ ಕೈ ಒಣಗುವುದು ಯಾವಾಗ ಎಂದು ತಾವೇ ಹೇಳಿ.

ಆ ವಾರದಲ್ಲೇ ಹಲ್ಲಿನ ಡಾಕ್ಟರು ಆಸ್ಪತ್ರೆಯ ಪರದೆಗಳನ್ನು ಕೇಳಿಕೊಂಡು ಬಂದರು. ಪರದೆಗಳು ಇನ್ನೂ ತಮ್ಮ ಹೊಟ್ಟೆಯಲ್ಲಿದ್ದವು, ತಾವು ಕೊನೆಯ ಸುತ್ತಿನ ಆವೇಶದಲ್ಲಿದ್ದಿರಿ. ಜನರ ಬಾಯಿ ತೆರೆಸಿಯೇ ಹೊಟ್ಟೆ ಹೊರೆಯುವ ಅವರು ತಮ್ಮ ಸದ್ದಿಗೂ ಮೇಲೆ ದನಿ ಎತ್ತಿ, “ನಿಮ್ಮ ಮಗಳದ್ದೇನೋ ಹಾಡು ಬಂದಿದ್ಯಂತಲ್ಲ? ಯಾರೋ ಹುಡುಗಿ ಮೇಲಂತೆ? ಏನಿದೆಲ್ಲ?” ಎಂದು ಕೇಳಿದರು. ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೇ, “ಅಯ್ಯೋ, ಗೆಳತಿ ಅಷ್ಟೇ ಬಿಡಿ, ಸ್ನೇಹ, ಸ್ನೇಹ,” ಎಂದು ಮೇಲೆ ಬಿದ್ದು ತಿಪ್ಪೆ ಸಾರಿಸತೊಡಗಿದಳು. ನಾನು ಕೋಟುಗಳ ನಡುವೆ ನಿಂತಿದ್ದೆ. ಎದೆ ಆ ಹಳೆಯ ಓಟ ಶುರು ಮಾಡಿತು, ಬೆರಳ ತುದಿಗಳು ಜುಮ್ಮೆಂದವು, ಈ ಸದ್ದಿನಲ್ಲೇ ನಾನೂ ಕರಗಿಹೋದರೆ ಸಾಕಪ್ಪ ಎಂದು ಜೀವನದಲ್ಲಿ ಮೊದಲ ಸಲ ತಮ್ಮ ಗರ್ಜನೆಯನ್ನು ಮನಸಾರೆ ಹಾರೈಸಿದೆ.

ಆಗಲೇ ತಾವು ನಿಂತಿರಿ. ನಿಧಾನವಾಗಿ ಅಲ್ಲ, ಯಾರೋ ಬಾಯಿಗೆ ಬಟ್ಟೆ ತುರುಕಿದ ಹಾಗೆ, ದಢ್ ಎಂದು. ಇಣುಕಿ ನೋಡಿದರೆ ಗೋಡೆಯಿಂದ ಕಿತ್ತ ತಮ್ಮ ಪ್ಲಗ್ಗು ಅಮ್ಮನ ಕೈಯಲ್ಲಿತ್ತು. “ಸ್ನೇಹ ಅಲ್ಲ,” ಎಂದಳು ಅಮ್ಮ, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ. “ಎದುರು ಅಂಗಡಿ ಹುಡುಗಿ ಅಂದ್ರೆ ಇವಳಿಗೆ ಪ್ರಾಣ. ಆ ಹುಡುಗಿ ಮೇಲೇ ಬರೆದಿದ್ದಾಳೆ. ನಾನೂ ಪೂರ್ತಿ ಕೇಳಿಲ್ಲ. ಡಾಕ್ಟ್ರೇ, ನಿಮ್ಮ ಪರದೆ ನೀರಲ್ಲಿದೆ, ಬಾಗಿಲು ತೆಗೆಯಕ್ಕೆ ಬರಲ್ಲ, ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ಕೂತ್ಕೊಳ್ಳಿ.” ಆಮೇಲೆ ಪ್ಲೈವುಡ್ ಗೋಡೆಗೆ ಎರಡು ಸಲ ಕುಟ್ಟಿ, “ಏಯ್, ಹಾಡೇ,” ಎಂದಳು.

ನಾನು ಹಾಡಿದೆ. ದನಿ ನಡುಗಿತು, ಎರಡು ಕಡೆ ಗಿಟಾರು ತಪ್ಪಿತು, ಆ ವಿಮರ್ಶಕರು ಕೇಳಿದ್ದರೆ ‘ಪರವಾಗಿಲ್ಲ’ವನ್ನೂ ವಾಪಸು ತೆಗೆದುಕೊಳ್ಳುತ್ತಿದ್ದರು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತಾಗ ಅವಳು ಗಾಜು ಬದಲಿಸಿ ಬದಲಿಸಿ ‘ಈಗ ಕಾಣ್ತಾ?’ ಎಂದು ಕೇಳುತ್ತಿದ್ದಳೆಂದೂ, ಅವಳ ಮುಖ ಅಷ್ಟು ಹತ್ತಿರ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ನಾನು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದರೂ ‘ಇಲ್ಲ, ಇಲ್ಲ’ ಎನ್ನುತ್ತಿದ್ದೆನೆಂದೂ, ಹಾಗಾಗಿ ತಪ್ಪು ನಂಬರಿನ ಕನ್ನಡಕ ತೊಟ್ಟು ತಲೆ ಸಿಡಿದು, ಜಗತ್ತೆಲ್ಲ ವಾಲಿಕೊಂಡು ಕಂಡರೂ ಅವಳೊಬ್ಬಳು ನೆಟ್ಟಗೆ ಕಂಡಳೆಂದೂ ಹಾಡು ಹೇಳುತ್ತದೆ. ಮುಗಿಯುವಷ್ಟರಲ್ಲಿ ಹಲ್ಲಿನ ಡಾಕ್ಟರ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು.

ಅಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು, “ಆ ತಲೆನೋವು ಇದಕ್ಕೇನೇ? ಬೆಪ್ಪೇ, ನಿನ್ನ ತಲೆ ಸ್ಕ್ಯಾನಿಂಗ್ ಮಾಡ್ಸಿದ್ವಲ್ಲೇ!” ಎಂದಳು. ಎಂದವಳು ನಗಲು ಹೋಗಿ, ನಗು ಹೇಗೋ ಆಗಿ, ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಹಾಡು,” ಎಂದಳು. ನಾನು ಅತ್ತುಬಿಟ್ಟೆ. ಎರಡನೇ ಸಲ ಹಾಡು ಮುಗಿಯುವವರೆಗೂ ಅಮ್ಮ ತಮ್ಮ ಪ್ಲಗ್ಗನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

ಅಂದಿನಿಂದ ನಾಲ್ಕಾರು ಗ್ರಾಹಕರು ಬೇರೆ ಲಾಂಡ್ರಿ ನೋಡಿಕೊಂಡಿದ್ದಾರೆ, ಅಮ್ಮ “ಅವರ ಬಟ್ಟೆ ಕೊಳೆ ಜಾಸ್ತಿ ಇತ್ತು, ಹೋಗ್ಲಿ,” ಎಂದಿದ್ದಾಳೆ. ನಾನು ಮಾತ್ರೆ ಬಿಟ್ಟಿಲ್ಲ, ಕೆಲವು ಬೆಳಿಗ್ಗೆ ಏಳುವುದು ಈಗಲೂ ಕಷ್ಟವೇ. ಆದರೂ, ಹೆತ್ತ ತಾಯಿಯೇ ಕಿವಿಗೊಟ್ಟ ಮೇಲೆ ತಮ್ಮ ಮೇಲೆ ಹಗೆ ಸಾಧಿಸುವುದು ಸಣ್ಣತನವಾದೀತೆಂದು, ಇಲ್ಲಿಯವರೆಗಿನ ಅಪರಾಧಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ತಮ್ಮಷ್ಟು ದೊಡ್ಡ ಹೊಟ್ಟೆ ನನಗಿಲ್ಲವಾದ್ದರಿಂದ ಇದನ್ನು ದೊಡ್ಡ ಮನಸ್ಸೆಂದೇ ತಿಳಿಯತಕ್ಕದ್ದು.

ಕೋಟುಗಳ ನಡುವಿನಿಂದ,
ತಮ್ಮ ಗದ್ದಲದಡಿಯೂ ದನಿ ಬಿಡದ,
ತಮ್ಮ ವಿಶ್ವಾಸಿ,
ಒಡತಿಯ ಮಗಳು

ವಿ.ಸೂ.: ಬರುವ ಭಾನುವಾರ ಅಮ್ಮ ಆ ಹುಡುಗಿಯನ್ನು ಊಟಕ್ಕೆ ಕರೆದಿದ್ದಾಳೆ. ಬಟ್ಟೆ ಮಡಚುವ ಮೇಜನ್ನೇ ಊಟದ ಮೇಜು ಮಾಡಿ ತಮ್ಮ ಎದುರಿಗೇ ಹಾಕುವುದೆಂದೂ, ನಾನು ಬಚ್ಚಲ ತೊಟ್ಟಿಯಲ್ಲಿ ಕುಳಿತಿರುವ ಫೋಟೊಗಳನ್ನು ಚಿಕ್ಕಮ್ಮ ತರುವುದೆಂದೂ ತೀರ್ಮಾನವಾಗಿದೆ. ನಿಮ್ಮನೇಲಿ ಯಾರ್ಯಾರಿದ್ದಾರೆ, ಗೊರಕೆ ಹೊಡೀತೀಯಾ, ಇವಳು ಒದ್ದೆ ಟವೆಲನ್ನ ಹಾಸಿಗೆ ಮೇಲೆ ಎಸೀತಾಳೆ ಗೊತ್ತಾ ಎಂಬಂಥ ಪ್ರಶ್ನೆಗಳನ್ನು ಅಮ್ಮ ಈಗಾಗಲೇ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಾಳೆ. ಆದಕಾರಣ ಮೇಲಿನ ದೂರುಗಳನ್ನೆಲ್ಲ ಒಂದು ದಿನದ ಮಟ್ಟಿಗೆ ಹಿಂತೆಗೆದುಕೊಂಡಿದ್ದು, ಮೊದಲ ಪ್ರಶ್ನೆ ಬಿದ್ದೊಡನೆ ತಾವು ಖಾಲಿ ಹೊಟ್ಟೆಯಲ್ಲಾದರೂ ಸರಿ, ಶಕ್ತಿ ಮೀರಿ ಗರ್ಜಿಸಬೇಕಾಗಿ ಪ್ರಾರ್ಥನೆ. ಬಟನ್ ನಾನೇ ಒತ್ತುತ್ತೇನೆ. “ಇವಳ ಕೈ ಬಿಡಲ್ಲ ತಾನೇ?” ಎಂದು ಅಮ್ಮ ಕೊನೆಗೆ ಕೇಳುವವಳಿದ್ದಾಳಂತೆ; ಆಗ ಮಾತ್ರ ದಯವಿಟ್ಟು ಸುಮ್ಮನಿರಿ, ಉತ್ತರ ನನಗೂ ಕೇಳಬೇಕು.