ಮಂಡಿಯುದ್ದದ ಹಿಮದ ಆಸೆ

ಹಿಮದಲ್ಲಿ ಜಾರುವ ಆಸೆ ಇಟ್ಟುಕೊಂಡು ಲಂಡನ್ನಿನಲ್ಲಿ ಬದುಕುವವರಿಗೆ ನಗೆಪಾಟಲಾಗಲು ಬೇರೆ ಕಾರಣ ಬೇಕಾಗುವುದಿಲ್ಲ. ಇಲ್ಲಿ ಬೀಳುವುದು ಮಳೆ. ಅಪರೂಪಕ್ಕೆ ಹಿಮ ಬಿದ್ದರೂ ಮಧ್ಯಾಹ್ನದೊಳಗೆ ಕೆಸರು. ನಾನು ಸೌತ್‌ಹಾಲ್‌ನ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ನನ್ನ ಗಂಡ ಟೂಟಿಂಗ್‌ನ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಇಬ್ಬರೂ ಕುಂದಾಪುರದ ಕಡೆಯವರು. ಸಮುದ್ರ ನೋಡಿ ಬೆಳೆದವಳಿಗೆ ಈ ಹುಚ್ಚು ಅಂಟಿದ್ದು ಅಂಗಡಿಯವರ ಜೊತೆ ಒಮ್ಮೆ ಆಲ್ಪ್ಸ್‌ಗೆ ಹೋದಾಗ. ನಾನು ಮಕ್ಕಳ ಇಳಿಜಾರಿನಲ್ಲಿ ಬಿದ್ದು ಏಳುತ್ತಿದ್ದೆ. ಅಷ್ಟು ದೂರದಲ್ಲಿ, ಯಾರೂ ತುಳಿಯದ ಹೊಸ ಹಿಮದಲ್ಲಿ ಒಬ್ಬ ಹೆಂಗಸು ಮಂಡಿಯವರೆಗೆ ಹುದುಗಿಕೊಂಡು, ಸದ್ದೇ ಇಲ್ಲದೆ, ತೇಲಿದ ಹಾಗೆ ಇಳಿದುಹೋದಳು. ಅವಳ ಹಿಂದೆ ಹಿಟ್ಟಿನಂಥ ಧೂಳು ಎದ್ದು, ಬಿಸಿಲಲ್ಲಿ ಮಿನುಗಿ, ನಿಧಾನವಾಗಿ ಕುಳಿತಿತು. ನಾನೂ ಒಮ್ಮೆ ಹಾಗೆ ಇಳಿಯಬೇಕು ಅನ್ನಿಸಿತು. ಅದು ಇನ್ನೂ ಹೋಗಿಲ್ಲ.

"ಅಮ್ಮಾ, ಯು ಆರ್ ಫಿಫ್ಟಿ-ತ್ರೀ" ಅಂದಳು ಮಗಳು.

ಗಂಡ ಅಷ್ಟುದ್ದ ಮಾತಾಡಲಿಲ್ಲ. "ಮರ್ಲಾ ನಿಂಗೆ?" ಅಂದರು. ನಮ್ಮ ಕಡೆ ಮರ್ಲು ಅಂದರೆ ಹುಚ್ಚು.

ಬ್ರಶ್ಶಿನ ಗುಡ್ಡ

ಊರಾಚೆ ಒಂದು ಗುಡ್ಡಕ್ಕೆ ಪ್ಲಾಸ್ಟಿಕ್ ಬ್ರಶ್ಶಿನ ಚಾಪೆ ಹಾಸಿ, ಮೇಲೆ ನೀರು ಚಿಮುಕಿಸಿ ಸ್ಕೀ ಕಲಿಸುತ್ತಾರೆ. ಬಟ್ಟೆ ಒಗೆಯುವ ಬ್ರಶ್ಶನ್ನು ಗುಡ್ಡದಷ್ಟು ದೊಡ್ಡದು ಮಾಡಿ ಮಗುಚಿ ಹಾಕಿದ ಹಾಗೆ. ನಾನು ಶನಿವಾರ ಶನಿವಾರ ಅಲ್ಲಿಗೆ ಹೋಗತೊಡಗಿದೆ.

"ನನಗೆ ಪೌಡರ್ ಹಿಮದಲ್ಲಿ ಇಳಿಯೋದು ಕಲಿಸಿ" ಅಂದೆ. ಯಾರೂ ತುಳಿಯದ ಆ ಹಿಟ್ಟಿನಂಥ ಹಿಮಕ್ಕೆ ಪೌಡರ್ ಅನ್ನುತ್ತಾರೆ.

ಮೇಷ್ಟ್ರು ಒಮ್ಮೆ ಬ್ರಶ್ಶನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಒಳ್ಳೆಯ ಮನುಷ್ಯ, ಇಲ್ಲ ಅನ್ನಲಿಲ್ಲ. "ಕಣ್ಣು ಮುಚ್ಚಿಕೊಳ್ಳಿ. ಈಗ ಮಂಡಿವರೆಗೆ ಹಿಮ ಇದೆ ಅಂದುಕೊಳ್ಳಿ. ಒಂದೇ ಕಾಲಿನ ಮೇಲೆ ಭಾರ ಬಿಟ್ಟರೆ ಆ ಕಾಲು ಮುಳುಗುತ್ತೆ. ಎರಡೂ ಕಾಲು ಹತ್ತಿರ ಇರಲಿ, ಎರಡರ ಮೇಲೂ ಸಮ ಭಾರ. ಮೆಲ್ಲಗೆ ಒತ್ತಿ, ಬಿಡಿ. ಹಿಮವೇ ನಿಮ್ಮನ್ನ ಮೇಲಕ್ಕೆತ್ತುತ್ತೆ. ಆಗ ತಿರುಗಿ."

ನಾನು ಒತ್ತಿದೆ, ಬಿಟ್ಟೆ. ಬ್ರಶ್ಶು ಯಾರನ್ನೂ ಮೇಲಕ್ಕೆತ್ತುವುದಿಲ್ಲ. ಉರುಳಿಕೊಂಡು ಕೆಳಗೆ ಬಂದು ಬಿದ್ದಾಗ ಮೊಣಕೈ ತೆಂಗಿನಕಾಯಿ ತುರಿದ ಹಾಗಾಗಿತ್ತು.

ಮೇಷ್ಟ್ರು ಓಡಿ ಬಂದರು. "ಎಲ್ಲಿ ತಪ್ಪಾಯಿತು ಗೊತ್ತಾಯಿತಾ?"

"ಗೊತ್ತಾಯಿತು. ಕಣ್ಣು ಬಿಟ್ಟೆ."

ಕೆಳಗಿನ ಮನೆಯವರು

ಆಮೇಲೆ ಮನೆಯಲ್ಲೇ ಅಭ್ಯಾಸ ಶುರುಮಾಡಿದೆ. ಹಳೇ ಸ್ಕೀಯೂ ಬೂಟೂ ಕೊಂಡು ತಂದು, ಬೂಟು ಮಾತ್ರ ತೊಟ್ಟು ಹಾಲ್‌ನಲ್ಲಿ ನಿಂತು ಒತ್ತುವುದು, ಬಿಡುವುದು. ನಮ್ಮದು ಮೇಲಿನ ಫ್ಲ್ಯಾಟ್. ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಫ್ಲ್ಯಾಟಿನ ಇಂಗ್ಲಿಷ್ ಅಜ್ಜಿ ಕೋಲೂರಿಕೊಂಡು ನಿಂತಿದ್ದರು. ಆವರೆಗೆ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡಿದವರಲ್ಲ.

"ಸಾರಿ, ತುಂಬಾ ಸದ್ದಾಯಿತಾ?" ಅಂದೆ.

"ಸದ್ದು ಇರಲಿ. ತಾಳ ತಪ್ಪುತ್ತಿದೆ" ಅಂದರು ಅಜ್ಜಿ. "ನಿನ್ನ ಎಡಗಾಲು ತಡವಾಗಿ ಬರ್ತಿದೆ. ಪೌಡರಿನಲ್ಲಿ ಹಾಗೆ ಮಾಡಿದರೆ ಹೂತು ಹೋಗ್ತೀಯ."

ನಾನು ಬಾಗಿಲು ಪೂರ್ತಿ ತೆರೆದೆ. ಒಳಗೆ ಬಂದು ಕೂತರು. ಗಂಡ ಕಾಫಿ ಕೊಟ್ಟರು. ಅಜ್ಜಿ ಹರೆಯದಲ್ಲಿ ಪ್ರತಿ ಚಳಿಗಾಲ ಬೆಟ್ಟದಲ್ಲೇ ಕಳೆದವರಂತೆ. ಈಗ ಎರಡೂ ಮಂಡಿ ಲೋಹದ್ದು. ಬೂಟಿನ ಸದ್ದು ಕೇಳಿದ ಕೂಡಲೇ ಗುರುತು ಹತ್ತಿತಂತೆ.

"ಹೇಗಿರುತ್ತೆ?" ಅಂತ ಕೇಳಿದೆ.

ಅಜ್ಜಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿನ್ನ ಉಸಿರು ಮಾತ್ರ ಕೇಳಿಸುತ್ತೆ. ಕಾಲ ಕೆಳಗೆ ನೆಲ ಇದೆ ಅನ್ನೋದೇ ಮರೆತು ಹೋಗುತ್ತೆ" ಅಂದರು. ಆಮೇಲೆ ಕಪ್ಪು ಕೆಳಗಿಟ್ಟು, "ಏಳು, ಇನ್ನೊಮ್ಮೆ ಮಾಡು" ಅಂದರು.

ಅವತ್ತಿನಿಂದ ನಾನು ಇಲ್ಲಿ ಕುಣಿಯುವುದು, ಅವರು ಕೆಳಗಿಂದ ಕೋಲಿನಲ್ಲಿ ತಮ್ಮ ಚಾವಣಿಗೆ ತಾಳ ಕುಟ್ಟುವುದು. ಗಂಡ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು: "ಬೇರೆಯವರ ಕೆಳಗಿನ ಮನೆಯವರು ಸದ್ದು ಮಾಡಿದ್ರೆ ಕುಟ್ತಾರೆ, ನಮ್ಮವ್ರು ಸದ್ದು ನಿಲ್ಸಿದ್ರೆ ಕುಟ್ತಾರೆ!"

ಸ್ಟ್ಯಾನ್ಮೋರ್‌ನ ನೆಲ

ಸ್ಟ್ಯಾನ್ಮೋರ್‌ನಲ್ಲಿ ಪರಿಚಯದವರೊಬ್ಬರ ಹೊಸ ಮನೆ, ಸತ್ಯನಾರಾಯಣ ಪೂಜೆ. ಊಟಕ್ಕೆ ಮುಂಚೆ ನನ್ನ ಸ್ಕೀ ಸುದ್ದಿ ಬಂತು. ಬೆಂಗಳೂರಿನ ಐಟಿ ಯಜಮಾನರೊಬ್ಬರು ಎರಡು ಸಲ ಸ್ಕೀಗೆ ಹೋಗಿ ಬಂದವರು, ತಕ್ಷಣ ಪಾಠ ಶುರುಮಾಡಿದರು.

"ಪೌಡರ್ ಅಂದ್ರೆ ಸಿಂಪಲ್ ಮೇಡಂ. ಹಿಂದಕ್ಕೆ ವಾಲಿ ಕೂತ್ಕೋಬೇಕು. ಆಗ ಸ್ಕೀ ಮೂತಿ ಮೇಲೆದ್ದಿರುತ್ತೆ."

"ಇಲ್ಲ ಸರ್, ಹಿಂದಕ್ಕೆ ವಾಲಿದರೆ ಹಿಡಿತ ತಪ್ಪುತ್ತಂತೆ. ನಡುಮಧ್ಯ ನಿಲ್ಲಬೇಕು, ಕೈ ಮುಂದಿರಬೇಕು ಅಂತ ನಮ್ಮ ಅಜ್ಜಿ ಹೇಳ್ತಾರೆ."

"ಅಜ್ಜೀನಾ? ನೋಡಿ ಇಲ್ಲಿ!"

ಪೂಜೆಯ ಮನೆ, ಎಲ್ಲರೂ ಬೂಟು ಬಿಚ್ಚಿ ಸಾಕ್ಸಿನಲ್ಲಿದ್ದೆವು. ನೆಲ ಹೊಸ ಪಾಲಿಶ್. ಅವರು ಪಂಚೆ ಎತ್ತಿ ಕಟ್ಟಿ, ಎರಡು ಹೆಜ್ಜೆ ಓಡಿ, ಹಿಂದಕ್ಕೆ ವಾಲಿ ಕೂತರು. ನಿಜಕ್ಕೂ ಚೆನ್ನಾಗಿಯೇ ಜಾರಿದರು. ಹಾಲ್ ದಾಟಿದರು, ಅಡುಗೆಮನೆ ಬಾಗಿಲೂ ದಾಟಿದರು. ಆಮೇಲೆ ಪಾತ್ರೆಯ ಸದ್ದು.

ಎಲ್ಲರೂ ಓಡಿದೆವು. ಮೊಸರನ್ನದ ದೊಡ್ಡ ಡಬರಿ ಮಗುಚಿತ್ತು, ನಡುವೆ ಯಜಮಾನರು ಸೊಂಟದವರೆಗೆ ಬೆಳ್ಳಗಾಗಿ ಕೂತಿದ್ದರು.

ಅವರ ಹೆಂಡತಿ ಮೇಲಿಂದ ಕೆಳಗೆ ನೋಡಿ, "ಕೂತೇ ಬಿಟ್ರಲ್ಲ, ಕೊನೇಗೂ ಪೌಡರ್ ಸಿಕ್ತಾ?" ಅಂದರು. "ಇಲ್ಲ ಕಣೇ" ಅಂದರು ಅವರು ಕೈ ಒರೆಸಿಕೊಳ್ಳುತ್ತಾ, "ಇದು ಹೆವಿ ಸ್ನೋ."

ಹಿಮ ಬಿದ್ದ ಬೆಳಗು

ಈ ವರ್ಷ ಒಂದು ಬೆಳಗ್ಗೆ ಕೆಳಗಿಂದ ಕೋಲು ಕುಟ್ಟಿದ್ದೇ ಕುಟ್ಟಿದ್ದು. ಕಿಟಕಿ ತೆರೆದರೆ ಬೀದಿಯೆಲ್ಲ ಬಿಳಿ. ಅಜ್ಜಿ ಆಗಲೇ ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದರು. ಗಂಡ ಕಾರಿಗೆ ನನ್ನ ಸ್ಕೀ, ಅಜ್ಜಿಯ ಮಡಚುವ ಕುರ್ಚಿ, ಕಂಬಳಿ, ಫ್ಲಾಸ್ಕು ಎಲ್ಲ ತುಂಬಿದರು. ಹುಲ್ಲಿನ ಗುಡ್ಡ ಇರುವ ಪಾರ್ಕಿಗೆ ಹೋದೆವು.

ಹೋಗುವಷ್ಟರಲ್ಲಿ ನಾಯಿ, ಮಕ್ಕಳು, ಜಾರುಬಂಡಿ ಎಲ್ಲ ಓಡಾಡಿ ಹಿಮ ಉಂಡೆ ಉಂಡೆಯಾಗಿತ್ತು. ಒದ್ದೆ, ಭಾರ. ನನ್ನ ಮುಖ ಬಾಡಿತು. "ಇದು ಪೌಡರ್ ಅಲ್ಲವಲ್ಲ."

"ಸಿಕ್ಕಿದ್ದು ಇದು" ಅಂದರು ಅಜ್ಜಿ. "ಕೇಳು. ಮಂಡಿ ಸ್ಪ್ರಿಂಗಿನ ಹಾಗಿರಲಿ, ಉಂಡೆ ಬಂದರೆ ಮಂಡಿ ನುಂಗಿಕೊಳ್ಳಲಿ, ಮೈ ಅಲುಗಬಾರದು. ಹೆದರಿ ನಿಧಾನ ಮಾಡಬೇಡ, ಅಂಟಿಕೊಳ್ಳುತ್ತೆ. ತಿರುಗುವಾಗ ಮಾತ್ರ ಆತುರ ಬೇಡ. ಹಿಮವನ್ನ ಒದೀಬೇಡ, ಕಾಯಿ. ಅದಾಗೇ ತಿರುಗುತ್ತೆ."

ಇಳಿದೆ. ಮೊದಲ ತಿರುವಿನಲ್ಲಿ ಕಾದೆ, ತಿರುಗಿತು. ಎರಡನೆಯದೂ ತಿರುಗಿತು. ಬೇಲಿಯ ಪಕ್ಕ ಯಾರೂ ತುಳಿಯದ ಒಂದು ಪಟ್ಟಿ ಉಳಿದಿತ್ತು. ಅದರೊಳಗೆ ಹೊಕ್ಕ ಕೂಡಲೇ ಸದ್ದೆಲ್ಲ ನಿಂತಿತು. ಉಸಿರು ಮಾತ್ರ. ನಾಲ್ಕು ಕಾರು ನಿಲ್ಲುವಷ್ಟು ಜಾಗ ಇದ್ದೀತು, ಅಷ್ಟೇ. ಹಿಮ ಹಿಮ್ಮಡಿಯುದ್ದಕ್ಕಿಂತ ಹೆಚ್ಚಿರಲಿಲ್ಲ. ಕೆಳಗೆ ನಿಂತಾಗ ಕಣ್ಣು ಒದ್ದೆಯಾಗಿತ್ತು, ಚಳಿಗಲ್ಲ.

ತಿರುಗಿ ನೋಡಿದರೆ ಮೇಲೆ ಕೌನ್ಸಿಲ್ ಜಾಕೆಟ್ ತೊಟ್ಟ ಪಾರ್ಕಿನ ಕಾವಲುಗಾರ ನಿಂತಿದ್ದ. ನಾನು ಸ್ಕೀ ಹೊತ್ತುಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದೆ.

"ಮೇಡಂ, ಇಲ್ಲಿ ನೀವು ಸ್ಕೀ ಮಾಡೋ ಹಾಗಿಲ್ಲ" ಅಂದ ನನಗೆ.

ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ಅಜ್ಜಿಯ ದನಿ ಬಂತು. "ಸ್ಕೀ ಮಾಡ್ತಿರೋದು ಅವಳಲ್ಲಪ್ಪ, ನಾನು. ನನ್ನ ಮಂಡಿ ಸರಿಯಿಲ್ಲ, ಅದಕ್ಕೇ ಅವಳನ್ನ ಕಳಿಸ್ತಿದ್ದೀನಿ."

ಅಜ್ಜಿಯ ಕೆನ್ನೆ ಕೆಂಪಾಗಿತ್ತು, ಕಂಬಳಿ ಕಾಲಿಂದ ಜಾರಿ ಬಿದ್ದಿತ್ತು. ಆತ ಕುರ್ಚಿಯ ಹತ್ತಿರ ಬಂದ. ಬಗ್ಗಿ ಕಂಬಳಿ ಎತ್ತಿ ಮಂಡಿಯ ಮೇಲೆ ಹೊದಿಸಿದ. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಅಜ್ಜಿಗೇ ಹೇಳಿದ:

"ಸರಿ ಮೇಡಂ. ಹಾಗಾದರೆ ನೀವು ಇನ್ನೊಂದೇ ಒಂದು ಸಲ ಇಳಿದು ಬನ್ನಿ. ಬೇಲಿ ಹತ್ತಿರ ಹುಷಾರು."