ಪಡಸಾಲೆಗೆ ಬಂದ ಸ್ವೀಡನ್

ಏನಾಗಿರಬಹುದು, ಹೇಳಿ ನೋಡೋಣ. ರಾಯಚೂರಿನ ನಮ್ಮ ಮನೆಯ ಪಡಸಾಲೆ. ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರರು ಬಾಗಿಲಲ್ಲಿ ಒಂದು ಕಾಲು ಮೇಲೆತ್ತಿ ಕೊಕ್ಕರೆಯಂತೆ ನಿಂತಿದ್ದಾರೆ. ಅವರ ಹೆಂಡತಿ ನೆಲಕ್ಕೆ ಕೈ ಮುಗಿಯುತ್ತಿದ್ದಾರೆ. ಅವರ ಹಿಂದೆ ನನ್ನ ಹೆಂಡತಿಯ ಅಣ್ಣ, ದೇವದುರ್ಗದ ಬಸ್ಸಿಳಿದು ಬಂದವರು, ಹೆಗಲ ಮೇಲೆ ಒಂದು ಚೀಲ ಕರಿಮಣ್ಣು ಹೊತ್ತು ನಮ್ಮ ಬೋಳು ಗೋಡೆಯನ್ನು ದಿಟ್ಟಿಸುತ್ತಿದ್ದಾರೆ. ಅಡುಗೆಮನೆ ಬಾಗಿಲಲ್ಲಿ ಸೊಸೆ ಚಹಾ ಕಪ್ಪುಗಳ ತಟ್ಟೆ ಹಿಡಿದು, ಕಣ್ಣು ತುಂಬಿಕೊಂಡು ನಿಂತಿದ್ದಾಳೆ.

ಹೇಳಿ, ಏನಾಗಿತ್ತು? ಬಿಡಿ, ಆಗುವುದಿಲ್ಲ. ನಾನು ಅಲ್ಲೇ ನಿಂತಿದ್ದೆ, ನನಗೇ ಗೊತ್ತಾಗಲಿಲ್ಲ. ಊರಲ್ಲಿ ಇಷ್ಟು ಮನೆಗಳಿರುವಾಗ ಇಂಥವೆಲ್ಲ ನಮ್ಮ ಮನೆಯ ವಿಳಾಸವನ್ನೇ ಕೇಳಿಕೊಂಡು ಬರುತ್ತವೆ.

ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದವನು ನಾನು. ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳನ್ನು ನಕ್ಷೆಯ ಮೇಲೆ ಕೋಲಿನಿಂದ ಮುಟ್ಟಿ ತೋರಿಸಿಯೇ ನನ್ನ ಅರ್ಧ ಆಯುಷ್ಯ ಹೋಯಿತು. ಮುಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳಲು ಅವು ಮನೆಗೇ ಬಂದವು. ಕರೆತಂದವಳು ಸೊಸೆ. ಹೈದರಾಬಾದಿನಲ್ಲಿ ಬೆಳೆದ ಹುಡುಗಿ, ಮನೆ ಅಲಂಕಾರದ ಕೋರ್ಸು ಓದಿದವಳು. ಇಲ್ಲಿಗೆ ಬಂದ ಮೇಲೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸುತ್ತಿದ್ದಳು. ಬೇಸಿಗೆ ರಜೆ ಮುಗಿದರೂ ಈ ಸಲ ಶಾಲೆಗೆ ಹೋಗಿರಲಿಲ್ಲ. ಅಷ್ಟರಲ್ಲಿ ಮಾನ್ವಿಯ ಸಾಹುಕಾರರು ತಮ್ಮ ಮನೆಯ ಹಾಲ್ ಹೊಸದು ಮಾಡಿಸಬೇಕೆಂದಿದ್ದಾರೆ ಎಂದು ಗೊತ್ತಾಗಿ ಅವರನ್ನು ಕಂಡು ಬಂದಳು.

"ನೀ ಮಾಡಿದ್ದೊಂದು ಹಾಲ್ ತೋರಸವ್ವಾ. ಮನಸ್ಸಿಗೆ ಬಂದ್ರ ನಿನಗ ಕೊಡ್ತೀನಿ. ಬರೂ ಬುಧವಾರ ನಮ್ಮ ಮಿಲ್ ಬಂದ್ ಇರ್ತದ, ಅವತ್ತ ಬರ್ತೀವಿ" ಎಂದರಂತೆ ಅವರು.

ಮಾಡಿದ ಹಾಲ್ ಒಂದೂ ಇರಲಿಲ್ಲ. ಇದ್ದದ್ದು ನಮ್ಮ ಪಡಸಾಲೆ.

"ಮಾವಾರ, ಇದೊಂದು ಕೆಲಸ ಸಿಗಲಿಲ್ಲ ಅಂದ್ರ ನಾ ವಾಪಸ್ ಶಾಲಿಗೆ ಹೋಗ್ತೀನ್ರಿ. ಗುರುವಾರದೊಳಗ ಹೇಳು ಅಂತ ಹೆಡ್ ಮೇಡಂ ಅಂದಾರ. ಆಮ್ಯಾಲ ಈ ಮಾತು ನಾ ಎತ್ತಂಗಿಲ್ಲ" ಎಂದಳು. ಎತ್ತುವುದಿಲ್ಲ ಎಂದಾಗ ಅವಳ ದನಿ ಸಣ್ಣಗಾಯಿತು. ನನ್ನ ಹೆಂಡತಿ ಅಲ್ಲೇ ಸೋತಳು. "ಮಾಡವ್ವಾ, ಏನ್ ಮಾಡ್ತಿ ಮಾಡು. ಆದ್ರ ಹೊಸಾದು ಏನೂ ತರಂಗಿಲ್ಲ, ಇದ್ದದ್ದರಾಗ ಮಾಡಬೇಕು."

ನನಗಾಗಿ ಅತ್ತವರು

ಸೊಸೆ ಆರಿಸಿಕೊಂಡದ್ದು ಸ್ವೀಡನ್ ಕಡೆಯ ಅಲಂಕಾರ. ಉತ್ತರದ ಆ ದೇಶಗಳಲ್ಲಿ ಬಿಸಿಲು ಅಪರೂಪ. ಅದಕ್ಕೇ ಅವರು ಮನೆಯೊಳಗೆಲ್ಲ ಬಿಳಿ ಬಳಿದು ಇದ್ದ ಬೆಳಕನ್ನು ಹಿಡಿದಿಟ್ಟುಕೊಳ್ಳುತ್ತಾರೆ. ರಾಯಚೂರಿನಲ್ಲಿ ಬೆಳಕನ್ನು ಹಿಡಿದಿಡುವುದೆಂದರೆ ಹುಲಿಯನ್ನು ಕಟ್ಟಿ ಸಾಕಿದ ಹಾಗೆ. ಗೋಡೆಗೆ ಸುಣ್ಣ, ನನ್ನ ಹಳೇ ಪಂಚೆಗಳಿಂದಲೇ ಕಿಟಕಿಗೆ ಬಿಳಿ ಪರದೆ, ಸೋಫಾದ ಮೇಲೆ ಬಿಳಿ ಹೊದಿಕೆ. ನಾನು ಪಡಸಾಲೆಯಲ್ಲಿ ಪೇಪರ್ ಓದಲು ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಅವಳು ಸಾಲಾಗಿ ಇಟ್ಟಿದ್ದ ಮೇಣದಬತ್ತಿಗಳಂತೂ ಹಚ್ಚುವ ಮೊದಲೇ ಬಾಗಿ ಬಂದವರಿಗೆಲ್ಲ ನಮಸ್ಕಾರ ಮಾಡುತ್ತಿದ್ದವು.

ಸುಣ್ಣ ಒಣಗಿದ ಬೆಳಿಗ್ಗೆ ಎದುರು ಮನೆಯ ಅವ್ವಾರು ಬಂದರು. ಸಾಮಾನೆಲ್ಲ ಖಾಲಿ, ಗೋಡೆಯ ಫೋಟೋ ಮಾಯ, ಎಲ್ಲೆಲ್ಲೂ ಬಿಳಿ ಬಟ್ಟೆ. ಗೋಡೆಗೆ ಒರಗಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ನನ್ನ ಹೆಂಡತಿಯ ಕೈ ಹಿಡಿದರು.

"ಎಂಥಾ ಛೊಲೊ ಮನಷ್ಯಾರಿದ್ರವ್ವಾ ಮಾಸ್ತರ್ರು! ಒಂದಿನ ಯಾರಿಗೂ ಎದುರಾಡಿದವರಲ್ಲ. ದೇವರಂಥವರು."

ನಾನು ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಲು ಮನಸ್ಸು ಬರಲಿಲ್ಲ. ಇಷ್ಟು ಒಳ್ಳೆಯ ಮಾತು ನನ್ನ ಬೀಳ್ಕೊಡುಗೆ ಸಮಾರಂಭದಲ್ಲೂ ಯಾರೂ ಆಡಿರಲಿಲ್ಲ. ಆದರೆ ಹಾಳಾದ್ದು ಸುಣ್ಣದ ಘಾಟಿಗೆ ಸೀನು ಬಂತು.

ಅವರು ತಿರುಗಿ ನೋಡಿದರು. ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಹೌದೇನು, ಇದ್ದೀರೇನು? ಹಂಗಾರ ಕೇಳ್ರಿ ಇಲ್ಲಿ. ನಿಮ್ಮ ನುಗ್ಗಿ ಗಿಡದ ಎಲಿ ದಿನಾ ನಮ್ಮ ಅಂಗಳದಾಗ ಬೀಳ್ತಾವ, ಅದನ್ನ ಯಾವಾಗ ಕಡಸ್ತೀರಿ?"

ದಿವಾನದೊಳಗಿನ ತವರು

ಗೃಹಪ್ರವೇಶಕ್ಕೆ ಹೆಂಡತಿಯ ಅಣ್ಣ, ದೇವದುರ್ಗ ತಾಲೂಕು ಮಸರಕಲ್ಲಿನ ನಮ್ಮ ಭಾವ, ಒಂದು ಗಡಿಯಾರ ಕೊಟ್ಟಿದ್ದರು. ಅಗಲ ಊಟದ ಪರಾತದಷ್ಟು. ಗಂಟೆಗೊಮ್ಮೆ ಮೊದಲು ಕೋಗಿಲೆ ಕೂಗುತ್ತದೆ, ಆಮೇಲೆ ಗುಡಿಯ ಗಂಟೆ ಬಾರಿಸುತ್ತದೆ, ಕೊನೆಗೆ ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ಟೈಮು ಹೇಳುತ್ತಾಳೆ. ಸ್ವೀಡನ್ನಿನ ಗೋಡೆಯ ಮೇಲೆ ಇದಕ್ಕೆ ಜಾಗವಿಲ್ಲ ಎಂದಳು ಸೊಸೆ. ಕ್ಯಾಲೆಂಡರು, ಫೋಟೋ, ಪ್ಲಾಸ್ಟಿಕ್ ಹೂವುಗಳ ಜೊತೆ ಗಡಿಯಾರವೂ ಪಡಸಾಲೆಯ ಪೆಟ್ಟಿಗೆ ದಿವಾನದ ಹೊಟ್ಟೆ ಸೇರಿತು.

ಹೆಂಡತಿ ಒಂದೇ ಷರತ್ತು ಹಾಕಿದಳು. "ಸೆಲ್ ತೆಗೀಬ್ಯಾಡ್ರಿ. ತವರಿನ ಗಡಿಯಾರ ನಿಂತ್ರ ಛೊಲೊ ಅಲ್ಲ. ಮತ್ತ ಇದು ನಮ್ಮಣ್ಣಗ ಗೊತ್ತಾತು ಅಂದ್ರ ನಾ ಈ ಜನ್ಮದಾಗ ತವರಿಗೆ ಹೋಗಂಗಿಲ್ಲ."

ಹಳೇ ಪಂಚೆಗಳನ್ನು ಸೋಫಾದ ಅಳತೆಗೆ ಹೊಲಿದುಕೊಡಲು ದರ್ಜಿ ಬಂದ. ದಿವಾನದ ಮೇಲೆ ಕೂತು ಟೇಪು ಬಿಚ್ಚಿದ. ಅವನ ಕೆಳಗೆ ಕೋಗಿಲೆ ಕೂಗಿತು. ಟೇಪು ನಿಂತಿತು. ಗಂಟೆ ಬಾರಿಸಿತು. ಅವನು ಮೆಲ್ಲಗೆ ಎದ್ದ. "ಗ್ಯಾರಾ ಬಜೇ ಹೈ" ಎಂದಳು ಆ ಹೆಣ್ಣುಮಗಳು, ಉಸಿರು ಕಟ್ಟಿದ ದನಿಯಲ್ಲಿ.

ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ವರ್ಷ ನನ್ನ ಪ್ಯಾಂಟು ಹೊಲಿದವನು, ನಾನು ಇಂಥವನೆಂದು ತಿಳಿದಿರಲಿಲ್ಲ ಎಂಬಂತೆ. "ಸರ್, ಒಳಗ ಯಾರೋ ಹೆಣಮಗಳು ಅದಾರ. ತೆಗೀರಿ, ಪಾಪ."

ಅಡುಗೆಮನೆಯಿಂದಲೇ ನನ್ನ ಹೆಂಡತಿ ಕೂಗಿದಳು: "ಇರ್ಲಿ ಬಿಡಪ್ಪಾ, ಅವರು ನಮ್ಮ ತವರಮನಿಯವರು!"

ಸ್ವೀಡನ್ನಿನ ಬಿಸಿನೀರು

ಖರ್ಚಿಲ್ಲದ ಅಲಂಕಾರಕ್ಕೆ ಸೊಸೆ ಹುಡುಕಿದ ದೊಡ್ಡ ಉಪಾಯ ಹತ್ತಿ ಕಟಿಗೆ. ಗಬ್ಬೂರಿನ ಕಡೆ ಹೊಲದ ಬದುವಿನಲ್ಲಿ ಒಟ್ಟಿದ್ದ ಬಣವೆಯಿಂದ ಮಗ ಕೇಳಿಕೊಂಡು ತಂದ. ತುದಿಯಲ್ಲಿ ಅಲ್ಲಲ್ಲಿ ಹತ್ತಿ ಅಂಟಿಕೊಂಡ ಒಣ ಕಡ್ಡಿಗಳು. ಹಳೇ ತಾಮ್ರದ ಕೊಡದಲ್ಲಿ ನಿಲ್ಲಿಸಿದಾಗ, ಸುಳ್ಳೇಕೆ, ಹಿಮ ಬಿದ್ದ ಗಿಡದ ಹಾಗೆಯೇ ಕಂಡವು. ಸೊಸೆ ಒಂದೊಂದು ಕಡ್ಡಿಯನ್ನೂ ಅರ್ಧ ದಿನ ತಿರುಗಿಸಿ ತಿರುಗಿಸಿ ಇಟ್ಟಳು.

ಸಾಹುಕಾರರು ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದೆ. ಕೊಡ ಖಾಲಿ. ಸೊಸೆ ಅದರ ಮುಂದೆ ನಿಂತಿದ್ದಾಳೆ. ಹಿತ್ತಲಿನಿಂದ ಕೆಲಸದಾಕೆ ಕೈ ಒರೆಸಿಕೊಳ್ಳುತ್ತ ಬಂದಳು. "ಉರುವಲು ಯಾರೋ ಪಡಸಾಲ್ಯಾಗ ಮರ್ತು ಇಟ್ಟಿದ್ರು ನೋಡವ್ವಾ. ಹಂಡೇದ ಒಲಿಗೆ ನಾನ ಒಯ್ದೆ."

 ಸೊಸೆ ಬೈಯಲಿಲ್ಲ, ಅಳಲಿಲ್ಲ. ನನ್ನ ಕಡೆ ತಿರುಗಿ, ತೀರ ಮೆಲ್ಲಗೆ ಕೇಳಿದಳು: "ಮಾವಾರ, ನೀರು ಬಿಸಿ ಇದ್ವೇನ್ರಿ?"

ಆ ದನಿ ಕೇಳಿ ಸುಳ್ಳು ಹೇಳಲಾಗಲಿಲ್ಲ. "ಎಂದೂ ಇಲ್ಲದಷ್ಟು ಬಿಸಿ ಇದ್ವವ್ವಾ" ಎಂದೆ.

ಮಗ ಮತ್ತೆ ಗಬ್ಬೂರಿಗೆ ಗಾಡಿ ತಿರುಗಿಸಿದ. ನಾನು ಮಾತ್ರ ಆ ದಿನವೆಲ್ಲ ಬೆಚ್ಚಗಿದ್ದೆ.

ಕಂಬಳಿ

ಈಗ ಬುಧವಾರಕ್ಕೆ ಬಂದೆ. ಅದಕ್ಕೂ ಮೊದಲು ನೆಲದ ಮಾತು ಹೇಳಬೇಕು. ಪಡಸಾಲೆ ಎಂದ ಮೇಲೆ ಉಣ್ಣೆಯ ಹಾಸು ಇರಲೇಬೇಕಂತೆ, ಇಲ್ಲದಿದ್ದರೆ ಅದು ಸ್ವೀಡನ್ ಅಲ್ಲವಂತೆ. ಸೊಸೆ ಅಟ್ಟ ಜಾಲಾಡಿ ನಮ್ಮ ಹಳೇ ಕರಿ ಕಂಬಳಿ ತೆಗೆದು, ಪಡಸಾಲೆಯ ನಟ್ಟನಡುವೆ ಹಾಸಿದಳು.

ನಮ್ಮ ಕಡೆ ಹಾಸಿದ ಕಂಬಳಿ ಎಂದರೆ ಗದ್ದುಗೆ. ಹಿರಿಯರು ಕೂತು ನ್ಯಾಯ ಹೇಳುವ ಜಾಗ. ಅದನ್ನು ತುಳಿದು ದಾಟುವಂತಿಲ್ಲ, ಅದರ ಮೇಲೆ ಕೂತು ಸುಳ್ಳು ಆಡುವಂತಿಲ್ಲ. ಇದು ಹೈದರಾಬಾದಿನ ಹುಡುಗಿಗೆ ಹೇಗೆ ಗೊತ್ತಾಗಬೇಕು? ಹೇಳೋಣ ಹೇಳೋಣ ಎಂದು ಅವಳ ಮುಖ ನೋಡಿ ನಾವಿಬ್ಬರೂ ಸುಮ್ಮನಾದೆವು. ವಾರವೆಲ್ಲ ಗೋಡೆಗೆ ಅಂಟಿಕೊಂಡು ಹಲ್ಲಿಯಂತೆ ಓಡಾಡಿದೆವು. ಹಾಸು ಕೊಳೆಯಾಗಬಾರದೆಂದು ಅತ್ತೆ ಮಾವ ಎಷ್ಟು ಕಾಳಜಿ ಮಾಡುತ್ತಾರೆ ಎಂದು ಅವಳಿಗೆ ಸಂತೋಷ.

ಸಾಹುಕಾರರು ಒಳಗೆ ಕಾಲಿಡಲು ಹೋಗಿ ಕಂಬಳಿ ಕಂಡರು. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಸಾಹುಕಾರ್ತಿ ಕೈ ಮುಗಿದರು. ಅದೇ ಗಳಿಗೆಗೆ ಭಾವ, ಹೆಗಲ ಮೇಲೆ ಮಣ್ಣಿನ ಚೀಲ, ಹಿಂದಿನಿಂದ ಬಂದರು. ತಮ್ಮೂರಿನಲ್ಲಿ ಬದುವಿನ ಜಗಳವಿರಲಿ, ಗಂಡ ಹೆಂಡಿರ ಜಗಳವಿರಲಿ, ಇವರಿಲ್ಲದೆ ನ್ಯಾಯ ಬಗೆಹರಿಯುವುದಿಲ್ಲ. ಒಂದು ಸಲ ಸುತ್ತ ಕಣ್ಣಾಡಿಸಿ ಎಲ್ಲವನ್ನೂ ತಿಳಿದುಕೊಂಡರು.

"ತಂಗೀ! ಮನಿ ಖಾಲಿ ಆಗ್ಯದ. ಕಂಬಳಿ ಹಾಸೀರಿ. ಹಿರಿಯರನ್ನ ಕರಿಸೀರಿ. ಸೊಸಿ ಕಣ್ಣಾಗ ನೀರು ಅದ. ಮನಿ ಪಾಲಾಗಾಕತ್ತದ, ಅಣ್ಣಗ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲಲ್ಲ ನಿನಗ!"

"ನಾವು ಹಾಲ್ ನೋಡಾಕ ಬಂದೀವ್ರಿ..." ಎಂದರು ಸಾಹುಕಾರರು.

"ಎಲ್ಲಾ ನೋಡೂಣ್ರಿ. ಮೊದಲ ಕುಂದರ್ರಿ ಸಾವ್ಕಾರ್ರ." ರಟ್ಟೆ ಹಿಡಿದು ಕಂಬಳಿಯ ನಡುವೆ ಕೂಡಿಸಿಯೇ ಬಿಟ್ಟರು. ಸಾಹುಕಾರರೂ ಮಾನ್ವಿಯಲ್ಲಿ ಇಂಥ ಎಷ್ಟೋ ಕಂಬಳಿ ಕಂಡವರು. ಕೂತದ್ದೇ ತಡ, ಅವರ ಕೈ ತಾನಾಗಿ ಮೀಸೆಗೆ ಹೋಯಿತು. "ಹೂಂ. ಹೇಳ್ರವ್ವಾ, ಏನು ತಕರಾರು?"

"ಯಾರದೂ ತಕರಾರಿಲ್ರಿ. ಇದು ಸ್ಕ್ಯಾಂಡಿನೇವಿಯನ್ ಪದ್ಧತಿ..." ಎಂದಳು ಸೊಸೆ.

"ಅವರನ್ನೂ ಕರೀರಿ. ಒಂದ ಕಡೀ ಮಾತು ಕೇಳಿ ನ್ಯಾಯ ಹೇಳಂಗಿಲ್ಲ" ಎಂದರು ಭಾವ. ಆಮೇಲೆ ತಂಗಿಯನ್ನು ಕಂಬಳಿಯ ಅಂಚಿಗೆ ಕೂಡಿಸಿದರು. "ಖರೇ ಹೇಳು. ಮನಿ ಹಿಂಗ ಬೋಳು ಮಾಡಿದ್ದು ನಿನ್ನ ಮನಸ್ಸಿಗೆ ಬಂದದೇನು?"

 ಸೊಸೆಯ ಕೆಲಸ ಈಗ ಅತ್ತೆಯ ನಾಲಿಗೆಯ ಮೇಲಿತ್ತು, ಆ ನಾಲಿಗೆ ಕಂಬಳಿಯ ಮೇಲಿತ್ತು. ಹೆಂಡತಿ ಸೊಸೆಯ ಮುಖ ನೋಡಿದಳು, ಕಂಬಳಿ ನೋಡಿದಳು.

"ಸುಳ್ಳ ಹೇಳಂಗಿಲ್ಲಣ್ಣಾ. ಮೊದಲ ನನಗ ಅಳು ಬಂತು. ಆಮ್ಯಾಲ ಸಿಟ್ಟು ಬಂತು. ಆದ್ರ ಈ ಊರಿನ ಧೂಳು ನಿನಗ ಗೊತ್ತದಲ್ಲ? ಇಷ್ಟು ವರ್ಷ ಬರೇ ಸಾಮಾನು ಒರಸೂದ್ರಾಗ ನನ್ನ ಮಧ್ಯಾಹ್ನ ಹೋಗ್ತಿತ್ತು. ಈಗ ಚಹಾ ಕುದಿಯೂದ್ರಾಗ ಮುಗೀತದ. ಮೊನ್ನಿ ನಾ ಕಿಡಕ್ಯಾಗ ಸುಮ್ನ ಕುಂತಿದ್ದೆ. ಸುಮ್ನ ಕುಂದ್ರಾಕ ಈ ಮನ್ಯಾಗ ಜಾಗ ಅದ ಅನ್ನೂದು ನನಗ ಗೊತ್ತ ಇರಲಿಲ್ಲ."

ಸಾಹುಕಾರ್ತಿ ಕಣ್ಣೆತ್ತಿ ಪಡಸಾಲೆಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಸೊಸೆಯ ಮುಖ ಅರಳುವುದರಲ್ಲಿತ್ತು. ಅಷ್ಟರಲ್ಲಿ ಭಾವ ಗೋಡೆಯ ಕಡೆ ಬೆರಳು ತೋರಿಸಿದರು.

"ಅದಿರ್ಲಿ. ನನ್ನ ಗಡಿಯಾರ ಎಲ್ಲಿ?"

ಎಲ್ಲರೂ ನನ್ನನ್ನು ನೋಡಿದರು. ನಾನು ಮೆಲ್ಲಗೆ ನನ್ನ ಮೊಳಕಾಲನ್ನು ಕಂಬಳಿಯ ಅಂಚಿನಿಂದ ಆಚೆ ಸರಿಸಿಕೊಂಡು, "ರಿಪೇರಿಗೆ ಕೊಟ್ಟೀವ್ರಿ ಭಾವಾರ" ಎಂದೆ.

ದಿವಾನದೊಳಗೆ ಕೋಗಿಲೆ ಕೂಗಿತು. ಗಂಟೆ ಬಾರಿಸಿತು. "ಬಾರಾ ಬಜೇ ಹೈ."

ಭಾವ ಎದ್ದು ದಿವಾನದ ಮುಚ್ಚಳ ಎತ್ತಿದರು. ಗಡಿಯಾರವನ್ನು ಕೂಸಿನಂತೆ ಎತ್ತಿಕೊಂಡು ಬಂದು, ತೊಡೆಯ ಮೇಲಿಟ್ಟು ಕೂತರು.  ಹೆಂಡತಿ ಸೆರಗು ಕಚ್ಚಿಕೊಂಡಳು. ಸೊಸೆ ತಟ್ಟೆ ಕೆಳಗಿಟ್ಟು, "ನಾ ಹೆಡ್ ಮೇಡಂಗ ಫೋನ್ ಮಾಡ್ತೀನ್ರಿ ಮಾವಾರ" ಎಂದು ಒಳಗೆ ಹೊರಟಳು.

"ನಿಂದ್ರವ್ವಾ" ಎಂದರು ಸಾಹುಕಾರರು. ನೋಡಿದರೆ ಅವರ ಹೆಗಲು ಕುಣಿಯುತ್ತಿದೆ! ನಗು ತಡೆದುಕೊಂಡು ಹೆಂಡತಿಯ ಕಡೆ ತಿರುಗಿದರು. "ನಾನೂ ಕಂಬಳಿ ಮ್ಯಾಲ ಕುಂತೀನಿ, ಖರೇ ಹೇಳಿಬಿಡ್ತೀನಿ. ನಿಮ್ಮಣ್ಣ ಕೊಟ್ಟ ನೀರಿನ ಕಾರಂಜಿ ಅದಲ್ಲ, ಅದರ ಸಪ್ಪಳಕ್ಕ ನನಗ ದಿನಾ ಮಳಿ ಬಂದು ಭತ್ತ ತೋಯ್ದಂಗ ಕನಸು ಬೀಳ್ತದ."

"ಹಂಗಾರ ನಿಮ್ಮಕ್ಕ ಕೊಟ್ಟ ಸಿಮೆಂಟಿನ ಸಿಂಹ?" ಎಂದರು ಸಾಹುಕಾರ್ತಿ. "ಬಾಯಿ ತಕ್ಕೊಂಡು ಕುಂತದ. ದಿನಾ ಅದರ ಹಲ್ಲು ತೊಳದು ತೊಳದು ನನಗ ಸಾಕಾಗ್ಯದ!"

ಸಾಹುಕಾರರು ಸೊಸೆಯ ಕಡೆ ತಿರುಗಿದರು. "ತೆಗೀತೀವಿ ಅಂದ್ರ ಎರಡೂ ಕಡಿಯವರು ಮುನಿಸ್ಕೋತಾರ. 'ಇದು ಸ್ವೀಡನ್ ದೇಶದ ಪದ್ಧತಿ, ನಮ್ಮ ಕೈಯಾಗ ಏನಿಲ್ಲ' ಅಂದ್ರ ಯಾರು ಏನಂತಾರ? ಕೆಲಸ ನಿನಗವ್ವಾ. ಮೊದಲ ಕಾರಂಜಿ, ಆಮ್ಯಾಲ ಸಿಂಹ."

ಸೊಸೆ ಅಲ್ಲೇ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆದರೆ ನಮಗೆ ಖುಷಿ ಪಡಲೂ ಭಯ, ಭಾವ ಇನ್ನೂ ಗಡಿಯಾರ ಅಪ್ಪಿಕೊಂಡು ಕೂತಿದ್ದರು. ಕೊನೆಗೆ ಅದನ್ನು ತೊಡೆಯಿಂದ ಇಳಿಸಿ ಪಕ್ಕಕ್ಕೆ ಇಟ್ಟರು.

"ನಾನೂ ಕಂಬಳಿ ಮ್ಯಾಲ ಅದೀನಿ. ಇದನ್ನ ನನಗ ನಮ್ಮ ಬೀಗರು ಕೊಟ್ಟಿದ್ರು. ಮನ್ಯಾಗ ಒಬ್ಬರೂ ನಿದ್ದಿ ಮಾಡಲಿಲ್ಲ. ಅಷ್ಟರಾಗ ನಿಮ್ಮ ಗೃಹಪ್ರವೇಶ ಬಂತು."

ನಮ್ಮ ನಗುವಿಗೆ ಎದುರು ಮನೆಯ ಅವ್ವಾರು ಕಿಟಕಿಗೆ ಬಂದರು. ಬಿಳಿ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಹೊಟ್ಟೆ ಹಿಡಿದು ನಗುವ ಆರು ಜನರನ್ನು ನೋಡಿ, ಈ ಸಲ ಏನೂ ಕೇಳದೆ ಹೋದರು.

ಕಣ್ಣೊರೆಸಿಕೊಳ್ಳುತ್ತ ಹೆಂಡತಿ ಕೇಳಿದಳು: "ಅಲ್ಲಣ್ಣಾ, ಈ ಚೀಲದಾಗ ಮಣ್ಣ್ಯಾಕ ತಂದಿ?"

"ಯಾಕಂದ್ರ? ಹೊಲದ ಎರಿ ಮಣ್ಣು, ವರ್ಷಾ ತರಂಗಿಲ್ಲೇನು? ಇವತ್ತು ಯಾವ ದಿನ ಅನ್ನೂದರ ಗೊತ್ತದನಿಲ್ಲ ನಿಮಗ?"

ಎಲ್ಲರೂ ಒಟ್ಟಿಗೆ ಗೋಡೆ ನೋಡಿದೆವು. ಗೋಡೆ ಬೆಳ್ಳಗಿತ್ತು. ಆಮೇಲೆ ಎಲ್ಲರೂ ದಿವಾನ ನೋಡಿದೆವು. ನಾನು ಬಗ್ಗಿ, ಪ್ಲಾಸ್ಟಿಕ್ ಹೂವುಗಳ ಅಡಿಯಿಂದ ಕ್ಯಾಲೆಂಡರ್ ಎಳೆದು ತೆಗೆದೆ.

"ಹೌದಲ್ಲ! ಅದಕ್ಕ ಅಲ್ಲೇನು ನಮ್ಮ ಮಿಲ್ ಬಂದ್!" ಎಂದರು ಸಾಹುಕಾರರು.

ಗೋಡೆಯಲ್ಲಿ ಸೊಸೆ ಖಾಲಿ ಬಿಟ್ಟಿದ್ದ ಬಿಳಿ ಹಲಗೆಯ ಮೇಲೆ ಸಂಜೆಗೆ ಎರಡು ಕರಿ ಎತ್ತುಗಳು ಬಂದು ನಿಂತವು, ಭಾವ ತಂದ ಮಣ್ಣಿನಿಂದ ಅವಳೇ ಕೈಯಾರೆ ಮಾಡಿದವು. ಕ್ಯಾಲೆಂಡರು ಅಂದೇ ಗೋಡೆಗೆ ವಾಪಸಾಯಿತು. ಬೇಕಾದರೆ ಬಂದು ನೋಡಿ, ಆ ಬುಧವಾರದ ಚೌಕದೊಳಗೆ ಕೆಂಪಕ್ಷರದಲ್ಲಿ ಬರೆದಿದೆ: ಮಣ್ಣೆತ್ತಿನ ಅಮಾವಾಸ್ಯೆ.