ನಲವತ್ತು ಲಕ್ಷ ಕೂದಲಿನ ಕತ್ತೆ

ಕತ್ತೆ ಅಳಲೊಲ್ಲದು. ತೊಂದರೆ ಶುರುವಾದದ್ದು ಅಷ್ಟರಿಂದಲೇ.

ಕತ್ತೆ ಹಳೆಯದು. ಮೂವತ್ತೈದು ವರ್ಷಗಳ ಹಿಂದೆ, ಚಿತ್ರಗಳನ್ನು ಕೈಯಿಂದಲೇ ಬರೆದು ತೆಗೆದ ಸಿನಿಮಾ ಒಂದರಲ್ಲಿ ಅದು ಕುಣಿದಿತ್ತು, ಹಲ್ಲು ಕಿರಿದಿತ್ತು. ತನ್ನನ್ನು ಸಾಕಿದ ಮುದುಕಿ ಸತ್ತ ದಿನ ಅವಳ ಚಪ್ಪಲಿಗಳ ಮುಂದೆ ಕೂತು, ಉದ್ದನೆಯ ಕಿವಿಯ ತುದಿಯಿಂದಲೇ ಕಣ್ಣೊರೆಸಿಕೊಂಡಿತ್ತು. ಆ ಒಂದು ದೃಶ್ಯಕ್ಕೆ ಊರಿಗೆ ಊರೇ ಮೂಗು ಸೀಟಿತ್ತು. ಈಗ ಅದೇ ಸಿನಿಮಾವನ್ನು ಕಂಪ್ಯೂಟರಿನಲ್ಲಿ, ಥೇಟು ನಿಜವಾದ ಕತ್ತೆಯೇ ಬಂದು ನಿಂತ ಹಾಗೆ, ಹೊಸದಾಗಿ ಮಾಡುತ್ತಿದ್ದರು. ಹೊಸ ಕತ್ತೆಯ ಮೈಮೇಲೆ ನಲವತ್ತು ಲಕ್ಷ ಕೂದಲು. ಅಷ್ಟನ್ನೂ ನೆಟ್ಟವನು ನಮ್ಮ ಕೂದಲಣ್ಣ.

ಆ ಸ್ಟುಡಿಯೋದಲ್ಲಿ ಹೆತ್ತವರು ಇಟ್ಟ ಹೆಸರು ಯಾರಿಗೂ ಉಳಿದಿರಲಿಲ್ಲ. ಕಣ್ಣು ಮಾಡುವವಳು ಕಣ್ಣಕ್ಕ, ಮಳೆ ಸುರಿಸುವವನು ಮಳೆಮಾವ. ಸ್ವಂತ ತಲೆಯ ಮೇಲೆ ಉಳಿದದ್ದು ಎಣಿಸಿದರೆ ನೂರು ದಾಟದಿದ್ದರೂ ಇವನು ಕೂದಲಣ್ಣ.

ಹಳೆಯ ಕತ್ತೆಯನ್ನು ಬರೆದವನು ಇವನ ಅಪ್ಪ. ಆ ಕಾಲದಲ್ಲಿ ಚಿತ್ರ ಬರೆಯುವವರ ಹೆಸರನ್ನು ತೆರೆಯ ಮೇಲೆ ಹಾಕುತ್ತಿರಲಿಲ್ಲ. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಂದಿನಿಂದ ಅಮ್ಮ ಮಗನನ್ನು ಕೇಳಿದ್ದು ಒಂದೇ: ಈ ಸಲವಾದರೂ ಆ ಹೆಸರು ತೆರೆಯ ಮೇಲೆ ಬರಬೇಕು.

ಆ ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಡುತ್ತಾ ಅವಳು ಅಂದಳು: "ಇವತ್ತು ಆಗತ್ತಲ್ಲ?"

"ಆಗತ್ತಮ್ಮ. ಸ್ಟುಡಿಯೋ ಯಜಮಾನ್ರು ಮಾತು ಕೊಟ್ಟಿದ್ದಾರೆ. ಅಳೋ ದೃಶ್ಯ ಇವತ್ತು ಸಾಯಂಕಾಲ ಪಾಸಾದ್ರೆ ಅಪ್ಪನ ಹೆಸರು ತೆರೆ ಮೇಲೆ ಬರತ್ತೆ."

"ನಿಮ್ಮಜ್ಜಿ ತೀರಿಕೊಂಡ ವಾರ ನಿಮ್ಮಪ್ಪ ಬರೆದದ್ದು ಕಣೋ ಅದು. ಕನ್ನಡಿ ಮುಂದೆ ಕೂತು, ತನ್ನ ಕಿವಿ ಹಿಡಕೊಂಡು ಅತ್ತು ಅತ್ತು ಬರೀತಿದ್ರು. ನಾನು ಕತ್ತೆಗೆ ಹೆದರಿಲ್ಲ, ಅವರಿಗೆ ಹೆದರಿದ್ದೆ." ಅವಳು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಸ್ಟುಡಿಯೋಕ್ಕೆ ಬಂದರೆ ಪಶುವೈದ್ಯರು ಆಗಲೇ ಪರದೆಯ ಮುಂದೆ ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಕತ್ತೆ ನಿಜವಾದ ಕತ್ತೆಯಂತೆಯೇ ಇರಬೇಕೆಂದು ಯಜಮಾನರು ಅವರನ್ನು ಸಲಹೆಗೆ ಇಟ್ಟುಕೊಂಡಿದ್ದರು.

"ಹುಬ್ಬು ಎತ್ತಿಸಿದ್ದೀಯಲ್ಲಪ್ಪ, ಕತ್ತೆಗೆ ಹುಬ್ಬೆಲ್ಲಿಂದ ಬಂತು?"

ಹುಬ್ಬು ಹೋಯಿತು.

"ಕಿವಿ ಕಣ್ಣಿನ ತನಕ ಮಡಚೋದಿಲ್ಲ. ಒಳಗೆ ಮೃದ್ವಸ್ಥಿ ಇರತ್ತೆ."

ಕಿವಿ ನೆಟ್ಟಗಾಯಿತು.

"ಕೂತಿದೆ ಯಾಕೆ? ಕತ್ತೆ ಹೀಗೆ ಮನುಷ್ಯರ ಹಾಗೆ ಕೂರೋದಿಲ್ಲ."

ಕತ್ತೆ ಎದ್ದು ನಿಂತಿತು. ಈಗ ಅದು ಸತ್ತ ಯಜಮಾನಿಯ ಚಪ್ಪಲಿಗಳ ಮುಂದೆ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಸರದಿ ಕಾಯುವವನ ಹಾಗೆ ನಿಂತಿತ್ತು. ಮುಖದಲ್ಲಿ ದುಃಖವಿರಲಿ, ಬೇಸರವೂ ಇರಲಿಲ್ಲ.

"ಇದಕ್ಕೆ ಯಾರು ಅಳ್ತಾರೆ ಡಾಕ್ಟ್ರೇ?" ಎಂದ ಕೂದಲಣ್ಣ.

"ಅದು ನನ್ನ ವಿಭಾಗ ಅಲ್ಲ."

ಕಣ್ಣಕ್ಕ ಕುರ್ಚಿ ಎಳೆದುಕೊಂಡು ಬಂದಳು. "ಸುಮ್ನಿರಣ್ಣ, ಕಣ್ಣು ಒಂದಿಷ್ಟು ಒದ್ದೆ ಮಾಡಿಬಿಡ್ತೀನಿ. ಅಷ್ಟಾದ್ರೆ ಸಾಕು, ಕಲ್ಲೂ ಕರಗತ್ತೆ." ಅರ್ಧ ಗಂಟೆ ಒದ್ದೆ ಮಾಡಿದಳು. ಕತ್ತೆಯ ಕಣ್ಣು ಒಡೆದ ಮೊಟ್ಟೆಯ ಹಾಗೆ ಲೊಳಲೊಳ ಎನ್ನತೊಡಗಿತು. ಪಶುವೈದ್ಯರು ಬಗ್ಗಿ ನೋಡಿ, ಮೂವತ್ತು ವರ್ಷದ ಅಭ್ಯಾಸಬಲದಿಂದ ಜೇಬಿನೊಳಗಿನ ಚೀಟಿ ತೆಗೆದು, "ಎರಡು ಹೊತ್ತು ಹನಿ ಹಾಕಿ, ಬಿಸಿಲಿಗೆ ಬಿಡಬೇಡಿ" ಎಂದು ಬರೆದುಕೊಟ್ಟರು.

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮಳೆಮಾವ ಬಂದು ಕೂದಲಣ್ಣನ ಭುಜ ತಟ್ಟಿದ. "ಲೋ ಅಳಿಯ, ಕತ್ತೆ ಅಳಬಾರ್ದು ಅಷ್ಟೇ ತಾನೇ? ಆಕಾಶ ಅಳಬಾರ್ದು ಅಂತ ಯಾವ ಡಾಕ್ಟ್ರೂ ಹೇಳಿಲ್ವಲ್ಲ? ಒಂದು ಮಳೆ ಸುರಿಸ್ತೀನಿ. ಕೆನ್ನೆ ಮೇಲೆ ನೀರು ಹರಿದ್ರೆ ಅದು ಕಣ್ಣೀರೋ ಮಳೆಯೋ ಯಾರಿಗೆ ಗೊತ್ತಾಗತ್ತೆ?"

"ಮಾವ, ಯಂತ್ರ ತಡೆಯಲ್ಲ. ಒಂದೊಂದು ಕೂದಲೂ ಬೇರೆ ಬೇರೆ ನೆನೀಬೇಕು."

"ನೆನೀಲಿ ಬಿಡು. ಕೂದಲು ಇರೋದೇ ನೆನೆಯೋಕೆ."

ಮಳೆ ಸುರಿಯಿತು. ಯಂತ್ರ ಮೊದಲು ಮುಲುಗಿತು, ಆಮೇಲೆ ನರಳಿತು, ಆಮೇಲೆ ಹಳೆಯ ಬಸ್ಸು ಏರು ಹತ್ತುವಾಗ ಮಾಡುವ ಸದ್ದು ಮಾಡಿ ಗಪ್ಪಾಯಿತು. ಮೂರೂಕಾಲು ಗಂಟೆಗೆ ಪರದೆ ಮತ್ತೆ ಬೆಳಗಿದಾಗ ಮಳೆ ಇತ್ತು, ಚಪ್ಪಲಿಗಳಿದ್ದವು, ಕತ್ತೆಯೂ ಇತ್ತು. ನಲವತ್ತು ಲಕ್ಷ ಕೂದಲು ಮಾತ್ರ ಕಳಚಿಕೊಂಡು ಚಪ್ಪಲಿಗಳ ಮೇಲೆ ಗುಡ್ಡೆ ಬಿದ್ದಿದ್ದವು. ಬೋಳು ಕತ್ತೆ, ಸ್ನಾನದ ಮನೆಯ ಬಾಗಿಲನ್ನು ಯಾರೋ ಹೇಳದೆ ಕೇಳದೆ ತೆರೆದ ಹಾಗೆ, ಎಲ್ಲರನ್ನೂ ನೋಡುತ್ತ ನಿಂತಿತ್ತು.

ಮಳೆಮಾವನಿಗೆ ಇದ್ದಕ್ಕಿದ್ದ ಹಾಗೆ ಬೇರೆ ಕೆಲಸ ನೆನಪಾಯಿತು. ಕಣ್ಣಕ್ಕ, "ಕಣ್ಣು ಮಾತ್ರ ಚೆನ್ನಾಗೇ ಇದೆ ನೋಡು" ಎಂದು ಹೇಳಿ ಜಾಗ ಖಾಲಿ ಮಾಡಿದಳು.

ನಾಲ್ಕಕ್ಕೆ ಸಿನಿಮಾದ ಹಂಚಿಕೆದಾರರು ದೃಶ್ಯ ನೋಡಲು ಬರುವವರಿದ್ದರು. ಕೂದಲಣ್ಣ ಮನೆದೇವರನ್ನು ನೆನೆದ. ದೇವರು ಬುದ್ಧಿ ಕೊಟ್ಟನೋ, ಪರೀಕ್ಷೆಯನ್ನೇ ಒಡ್ಡಿದನೋ ಹೇಳಲಾಗದು. ಎರಡು ತಿಂಗಳ ಹಿಂದೆ, ನೋಡಿಕೊಂಡು ಮಾಡಲೆಂದು, ಸ್ಟುಡಿಯೋದ ಹಿಂದಿನ ಇಟ್ಟಿಗೆ ಗೂಡಿನ ಕತ್ತೆಯನ್ನು ಅವನು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದ. ಎದುರಿಗೆ ಒಂದು ಜೊತೆ ಚಪ್ಪಲಿಯನ್ನೂ ಇಟ್ಟಿದ್ದ. ಆ ಕತ್ತೆ ಎರಡು ನಿಮಿಷ ಸುಮ್ಮನೆ ನಿಂತು, ನೊಣ ಕೂತಾಗ ಒಮ್ಮೆ ಕಿವಿ ಒದರಿ, ಗೂಡಿನ ಹೊಗೆಗೆ ಒಂದು ಹನಿ ಕಣ್ಣೀರನ್ನೂ ಸುರಿಸಿತ್ತು. ಕೂದಲಣ್ಣ ಬೋಳು ಕತ್ತೆಯನ್ನು ಸರಿಸಿ, ಕ್ಯಾಮೆರಾದಲ್ಲಿದ್ದ ಅಸಲಿ ಕತ್ತೆಯನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿದ.

ದೀಪ ಆರಿತು. ಯಜಮಾನರು, ಹಂಚಿಕೆದಾರರು, ಪಶುವೈದ್ಯರು ಮುಂದಿನ ಸಾಲಿನಲ್ಲಿ ಕೂತರು. ಎರಡು ನಿಮಿಷ ಕಳೆದು ದೀಪ ಹೊತ್ತಿತು. ಯಾರ ಕಣ್ಣೂ ಒದ್ದೆಯಾಗಿರಲಿಲ್ಲ.

"ಕಂಪ್ಯೂಟರ್ ಕತ್ತೆ ಅಂತ ಎದ್ದು ಕಾಣತ್ತೆ ಸ್ವಾಮಿ. ಜೀವಾನೇ ಇಲ್ಲ" ಎಂದರು ಹಂಚಿಕೆದಾರರು.

"ಕಿವಿಯ ಅಳತೆ ತಪ್ಪು" ಎಂದರು ಪಶುವೈದ್ಯರು. "ಹೊಟ್ಟೆ ಜೋತು ಬಿದ್ದಿದೆ. ಹಿಂಗಾಲು ನೋಡಿ, ಯಾವ ಕತ್ತೆಯೂ ಹೀಗೆ ನಿಲ್ಲೋದಿಲ್ಲ."

"ಕೂದಲಂತೂ ಪೊರಕೆ ಕಡ್ಡಿ" ಎಂದು ಯಜಮಾನರು ಹಲ್ಲು ಕಡಿದರು.

ಸೃಷ್ಟಿಕರ್ತನು ಯುಗಯುಗಗಳ ಕಾಲ ಕೂತು ತಿದ್ದಿ ತೀಡಿ ಮಾಡಿದ ಪ್ರಾಣಿ ಎರಡೇ ನಿಮಿಷದಲ್ಲಿ ನಪಾಸಾಯಿತು.

ಕೂದಲಣ್ಣನಿಗೆ ತಡೆಯಲಾಗಲಿಲ್ಲ. "ಸಾರ್, ತಪ್ಪಾಯ್ತು, ಕ್ಷಮಿಸಿ. ಅದು ನಿಜವಾದ ಕತ್ತೆ ಸಾರ್!"

ಯಜಮಾನರು ಮರುಕದಿಂದ ಅವನತ್ತ ನೋಡಿದರು. "ಇಲ್ಲಿ ಎಲ್ಲರೂ ತಾವು ಮಾಡಿದ್ದರ ಬಗ್ಗೆ ಹಾಗೇ ಹೇಳ್ತಾರಪ್ಪ."

"ದೇವರಾಣೆ ಸಾರ್! ಹಿಂದಿನ ಬೀದೀಲೇ ಇದೆ, ಬೇಕಾದ್ರೆ ಕರಕೊಂಡು ಬರ್ತೀನಿ."

"ಬಂದು ಏನು ಮಾಡತ್ತೆ? ಅದಕ್ಕೂ ಡಾಕ್ಟ್ರು ಒಪ್ಪಬೇಕಲ್ಲ."

ಪಶುವೈದ್ಯರು ಗಂಭೀರವಾಗಿ ತಲೆಯಾಡಿಸಿದರು.

ಹಂಚಿಕೆದಾರರು ಕೈಗಡಿಯಾರ ನೋಡಿಕೊಂಡು ಎದ್ದರು. "ಆಗಿದ್ದಾಯ್ತು, ಹೇಗಿದ್ಯೋ ಹಾಗೇ ಬಿಡುಗಡೆ ಮಾಡೋಣ. ಆದ್ರೆ ಜನ ಹಳೇ ಕತ್ತೇನ ಮರೆತಿಲ್ಲ, ಹಿಡಕೊಂಡು ಉಗೀತಾರೆ. ಆಗ ಯಾರ ತಲೆಗೆ ಕಟ್ತೀರಿ?"

ಯಜಮಾನರು ಯೋಚಿಸುತ್ತ ಗಲ್ಲ ತುರಿಸಿಕೊಂಡರು. ಅವರ ನೋಟ ಕೂದಲಣ್ಣನ ಮೇಲೆ ಬಂದು ನಿಂತಿತು. ನಿಧಾನವಾಗಿ ಅವರ ಮುಖ ಅರಳಿತು.

"ಅಪ್ಪಾ, ನಾನು ನಿನಗೆ ಒಂದು ಮಾತು ಕೊಟ್ಟಿದ್ದೆ ಅಲ್ವಾ? ಪಾಸೋ ನಪಾಸೋ, ಕೊಟ್ಟ ಮಾತು ಮಾತೇ. ನಿಮ್ಮ ತಂದೆ ಹೆಸರು ಈಗಲೇ ಹಾಕಿಸ್ತೀನಿ."

ಕೂದಲಣ್ಣ ಯಜಮಾನರ ಕಾಲು ಮುಟ್ಟಲು ಬಗ್ಗಿದ. ಅವನು ಏಳುವಷ್ಟರಲ್ಲಿ ತೆರೆಯ ಮೇಲೆ ಅಕ್ಷರಗಳು ಮೂಡಿದ್ದವು: ಕತ್ತೆಯ ರೂಪ, ಚಲನೆ, ಅಭಿನಯ ಹಾಗೂ ಸಂಪೂರ್ಣ ಹೊಣೆ. ಕೆಳಗೆ ಅಪ್ಪನ ಹೆಸರು, ಒಂದೊಂದು ಅಕ್ಷರವೂ ಬಾಗಿಲಿನಷ್ಟು ದೊಡ್ಡದು.

"ಭಿತ್ತಿಪತ್ರದಲ್ಲೂ ಹೀಗೇ ಹಾಕ್ಸಿ" ಎಂದರು ಹಂಚಿಕೆದಾರರು ಸಂತೋಷದಿಂದ. "ತೀರಿಕೊಂಡವರು ಅಂದ್ರಲ್ಲ? ಒಳ್ಳೇದೇ ಆಯ್ತು, ಬೈದ್ರೂ ಅವರಿಗೆ ಕೇಳಿಸಲ್ಲ."

ಜೇಬಿನಲ್ಲಿ ಫೋನು ಗುಣುಗುಟ್ಟಿತು. ಅಮ್ಮ.

"ಹಾಕಿದ್ರೇನೋ?"

"ಹಾಕಿದ್ರಮ್ಮ."

"ದೊಡ್ಡದಾಗಿ ಹಾಕಿದಾರಾ?"

"ತೆರೆ ತುಂಬ ಇದೆಯಮ್ಮ."

ಆ ಕಡೆಯಿಂದ ಬಿಕ್ಕಿದ ಸದ್ದು ಕೇಳಿಸಿತು. ಅಂತೂ ಆ ದೃಶ್ಯಕ್ಕೆ ಒಬ್ಬರು ಅತ್ತ ಹಾಗಾಯಿತು.

ಕೂದಲಣ್ಣ ಓಡಿಹೋಗಿ ಯಜಮಾನರನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದ. "ಬೇಡ ಸಾರ್. ನಿಮ್ಮ ದಮ್ಮಯ್ಯ, ಅಪ್ಪನ ಹೆಸರು ತೆಗೆಸಿಬಿಡಿ."

"ಒಳ್ಳೇ ಆಸಾಮಿ! ಹಾಕಿ ಹಾಕಿ ಅಂತ ಇಷ್ಟು ದಿನ ನನ್ನ ಪ್ರಾಣ ತಿಂದೆ. ಹಾಕಿದ ಮೇಲೆ ತೆಗೀರಿ ಅಂತೀಯ."

"ಏನು ಮಾಡಿದ್ರೆ ತೆಗೀತೀರಿ ಹೇಳಿ ಸಾರ್. ಹಗಲೂ ರಾತ್ರಿ ಮಾಡ್ತೀನಿ."

"ಮತ್ತೇನಿಲ್ಲ. ಅಳೋ ದೃಶ್ಯಾನ ಪಾಸು ಮಾಡಿಸು" ಎಂದು ಯಜಮಾನರು ಅಂಗಿಯ ತೋಳು ಸರಿಮಾಡಿಕೊಂಡು ಒಂದು ಮೆಟ್ಟಿಲು ಇಳಿದರು. "ಜನ ಅಳೋ ಹಾಗಿದ್ರೆ ನಿಮ್ಮಪ್ಪನ ಹೆಸರು ಯಾಕಪ್ಪ ಬೇಕು? ಆ ಜಾಗದಲ್ಲಿ ನನ್ನದೇ ಹಾಕ್ಕೋತೀನಿ."